ಬೆಂಜ್ ಎಂಬ ಹೆಸರು ಯಾವ ಕಾಲದ ಕಾರಿನದು?

ಬಳಸಿದ ಕಾರುಗಳನ್ನು ಪರೀಕ್ಷಿಸಿ ಬೆಲೆ ಕಟ್ಟುವುದು ನನ್ನ ವೃತ್ತಿ. ಮರ್ಸಿಡಿಸ್ ಬೆಂಜ್ ಕೊಳ್ಳಲು ಹೊರಟವರಲ್ಲಿ ಅನೇಕರು ನನ್ನ ವರದಿ ಕೈಗೆ ಬರುವ ಮೊದಲೇ ಅರ್ಧ ತೀರ್ಮಾನಕ್ಕೆ ಬಂದಿರುತ್ತಾರೆ. “ಬೆಂಜ್ ಅಲ್ವಾ ಸಾರ್, ಗಟ್ಟಿ ಇದ್ದೇ ಇರುತ್ತೆ” ಎನ್ನುತ್ತಾರೆ. ಈ ನಂಬಿಕೆ ಸುಳ್ಳಲ್ಲ, ಆದರೆ ಅದಕ್ಕೊಂದು ಇಸವಿ ಇದೆ. ಕಾರು ಕಂಪನಿಗೆ ಒಳ್ಳೆಯ ಹೆಸರು ಬರುವುದು ಇಂದು ಷೋರೂಮಿನಲ್ಲಿ ನಿಂತಿರುವ ಮಾದರಿಯಿಂದಲ್ಲ. ಹದಿನೈದು ಇಪ್ಪತ್ತು ವರ್ಷ ರಸ್ತೆಯಲ್ಲಿ ಓಡಿ, ಬಾಳಿಕೆ ಎಷ್ಟೆಂದು ತೋರಿಸಿಕೊಟ್ಟ ಹಳೆಯ ಮಾದರಿಗಳಿಂದ. ಹಾಗಾಗಿ ಕೊಳ್ಳುವವರು ಒಂದು ತಲೆಮಾರಿನ ಕಾರಿಗೆ ಕೊಡುವ ಹಣದಲ್ಲಿ ಹಿಂದಿನ ತಲೆಮಾರು ಗಳಿಸಿದ ಹೆಸರಿನ ಬೆಲೆಯೂ ಸೇರಿರುತ್ತದೆ. ಇದನ್ನು ಬೆಂಜ್‌ನಷ್ಟು ಸ್ಪಷ್ಟವಾಗಿ ತೋರಿಸುವ ಇತಿಹಾಸ ಇನ್ನೊಂದು ಕಂಪನಿಗೆ ಇರಲಾರದು.

ಆರಂಭದ ಕಥೆ ಬಹಳ ಮಂದಿಗೆ ಗೊತ್ತಿರುವುದರಿಂದ ಅದನ್ನು ಚಿಕ್ಕದಾಗಿ ಹೇಳುತ್ತೇನೆ. ಜರ್ಮನಿಯ ಮ್ಯಾನ್‌ಹೈಮ್‌ನ ಕಾರ್ಲ್ ಬೆಂಜ್ ತನ್ನ ಮೂರು ಚಕ್ರದ ಮೋಟಾರು ಗಾಡಿಗೆ ಪೇಟೆಂಟ್ ಅರ್ಜಿ ಸಲ್ಲಿಸಿದ್ದು 1886ರ ಜನವರಿ 29ರಂದು. ಅದೇ ವರ್ಷ, ಅಲ್ಲಿಂದ ಸುಮಾರು ನೂರು ಕಿಲೋಮೀಟರ್ ದೂರದ ಕಾನ್‌ಸ್ಟಾಟ್‌ನಲ್ಲಿ ಗಾಟ್‌ಲೀಬ್ ಡೈಮ್ಲರ್ ಮತ್ತು ವಿಲ್ಹೆಲ್ಮ್ ಮೇಬಾಕ್ ಕುದುರೆ ಗಾಡಿಯೊಂದಕ್ಕೆ ಎಂಜಿನ್ ಕೂಡಿಸಿ ಓಡಿಸಿದರು. 1888ರಲ್ಲಿ ಬೆಂಜ್‌ನ ಪತ್ನಿ ಬರ್ಥಾ ಇಬ್ಬರು ಮಕ್ಕಳನ್ನು ಕರೆದುಕೊಂಡು ಮ್ಯಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ಸ್ವತಃ ಗಾಡಿ ನಡೆಸಿಕೊಂಡು ಹೋದಳು. ದಾರಿಯಲ್ಲಿ ವೀಸ್ಲಾಕ್ ಊರಿನ ಔಷಧಿ ಅಂಗಡಿಯಿಂದ ಇಂಧನ ಕೊಂಡಳು, ಸವೆದ ಬ್ರೇಕಿಗೆ ಚಮ್ಮಾರನಿಂದ ಚರ್ಮ ಹೊಡೆಸಿದಳು. ಮಾರಾಟಕ್ಕೆ ಯೋಗ್ಯವಾದ ವಾಹನವೆಂದು ಜನರಿಗೆ ತೋರಿಸಿಕೊಟ್ಟ ಮೊದಲ ದೀರ್ಘ ಪರೀಕ್ಷೆ ಅದೇ ಎಂದು ನನ್ನಂಥ ಪರೀಕ್ಷಕನಿಗೆ ಅನ್ನಿಸುವುದು ಸಹಜ. ಮರ್ಸಿಡಿಸ್ ಎಂಬ ಹೆಸರು ಸೇರಿದ್ದು ಗಿರಾಕಿಯೊಬ್ಬನಿಂದ. ಫ್ರಾನ್ಸಿನ ನೀಸ್ ನಗರದಲ್ಲಿ ಸಿರಿವಂತರಿಗೆ ಡೈಮ್ಲರ್ ಕಾರುಗಳನ್ನು ಮಾರುತ್ತಿದ್ದ ಎಮಿಲ್ ಯೆಲಿನೆಕ್ 1900ರಲ್ಲಿ 36 ಕಾರುಗಳಿಗೆ ಬೇಡಿಕೆ ಇಟ್ಟು, ಅವು ತಗ್ಗಾಗಿರಬೇಕು, ಹೆಚ್ಚು ಶಕ್ತಿಯುಳ್ಳವಾಗಿರಬೇಕು, ತನ್ನ ಮಗಳ ಹೆಸರು ಹೊತ್ತಿರಬೇಕು ಎಂದು ಷರತ್ತು ಹಾಕಿದ. ಆ ಷರತ್ತಿಗೆ ಉತ್ತರವಾಗಿ ಮೇಬಾಕ್ ರೂಪಿಸಿದ 35 ಅಶ್ವಶಕ್ತಿಯ ಕಾರು, ಎಂಜಿನ್ ಹೊತ್ತ ಕುದುರೆಗಾಡಿಯ ಆಕಾರವನ್ನು ಬಿಟ್ಟು, ನಾವು ಇಂದು ಕಾರು ಎಂದು ಗುರುತಿಸುವ ಆಕಾರಕ್ಕೆ ಬಂತು. ಎರಡು ಕಂಪನಿಗಳು ಒಂದಾಗಿ ಡೈಮ್ಲರ್ ಬೆಂಜ್ ಆದದ್ದು 1926ರ ಜೂನ್‌ನಲ್ಲಿ.

ಕಂಪನಿಯ ಹಿರಿಮೆಯನ್ನು ಹೇಳುವವರು ಸಾಮಾನ್ಯವಾಗಿ 1936ರಿಂದ, ಅಂದರೆ 260 ಡಿ ಎಂಬ ಡೀಸೆಲ್ ಕಾರಿನಿಂದ, ನೇರವಾಗಿ 1950ರ ದಶಕಕ್ಕೆ ಜಿಗಿಯುತ್ತಾರೆ. ನಡುವಿನ ವರ್ಷಗಳಲ್ಲಿ ಅದು ನಾಜಿ ಆಡಳಿತಕ್ಕೆ ವಿಮಾನದ ಎಂಜಿನ್, ಲಾರಿ ಮತ್ತು ನಾಯಕರ ಮೆರವಣಿಗೆಯ ಕಾರುಗಳನ್ನು ಒದಗಿಸಿತು. 1944ರ ಹೊತ್ತಿಗೆ ಅದರ ಕಾರ್ಖಾನೆಗಳಲ್ಲಿದ್ದ ಅರವತ್ತು ಸಾವಿರಕ್ಕೂ ಹೆಚ್ಚು ಮಂದಿಯಲ್ಲಿ ಸುಮಾರು ಅರ್ಧದಷ್ಟು ಜನ ಬಲವಂತವಾಗಿ ದುಡಿಸಲ್ಪಟ್ಟ ವಿದೇಶಿಯರು, ಯುದ್ಧಕೈದಿಗಳು ಮತ್ತು ಸೆರೆಶಿಬಿರದ ಬಂದಿಗಳಾಗಿದ್ದರು. ಕಂಪನಿ ಇದನ್ನು ಒಪ್ಪಿಕೊಂಡು ಪರಿಹಾರವಾಗಿ ಎರಡು ಕೋಟಿ ಜರ್ಮನ್ ಮಾರ್ಕ್ ಕೊಟ್ಟದ್ದು 1988ರಲ್ಲಿ. ಹೆಸರಿನ ಲೆಕ್ಕ ಹಾಕುವಾಗ ಈ ಪುಟವನ್ನು ಮಡಚಿಡುವುದು ಸರಿಯಲ್ಲ.

ಇನ್ನು “ಗಟ್ಟಿ” ಎಂಬ ಮಾತಿಗೆ ಬರೋಣ. ಅಪಘಾತಕ್ಕೆ ಸಿಕ್ಕ ಕಾರನ್ನು ನೋಡಿದವರು, ಮುಂಭಾಗ ಕಡಿಮೆ ನಜ್ಜುಗುಜ್ಜಾಗಿದ್ದರೆ ಗಟ್ಟಿ ಎಂದೂ, ಬಾನೆಟ್ ಪೂರ್ತಿ ಮಡಚಿಕೊಂಡಿದ್ದರೆ ತಗಡು ಎಂದೂ ತೀರ್ಪು ಕೊಡುತ್ತಾರೆ. ಬೆಂಜ್‌ಗೆ ಸುರಕ್ಷತೆಯ ಹೆಸರು ತಂದುಕೊಟ್ಟ ತಿಳಿವಳಿಕೆ ಇದಕ್ಕೆ ನೇರ ವಿರುದ್ಧವಾದದ್ದು. ಬೇಲಾ ಬರೇನಿ ಎಂಬ ಎಂಜಿನಿಯರ್ 1951ರಲ್ಲಿ ಪೇಟೆಂಟ್ ಅರ್ಜಿ ಸಲ್ಲಿಸಿದ ವಿನ್ಯಾಸದಲ್ಲಿ ಕಾರಿನ ಮೈ ಮೂರು ಭಾಗವಾಗಿತ್ತು; ಜನ ಕೂರುವ ನಡುವಿನ ಭಾಗ ಬಾಗದಷ್ಟು ಬಿಗಿಯಾಗಿರಬೇಕು, ಮುಂದಿನ ಹಾಗೂ ಹಿಂದಿನ ಭಾಗಗಳು ಬೇಕೆಂದೇ ಕುಗ್ಗಿ ಮಡಚಿಕೊಳ್ಳಬೇಕು. ಡಿಕ್ಕಿಯಾದಾಗ ವಾಹನದ ವೇಗದಲ್ಲಿ ಅಡಗಿರುವ ಶಕ್ತಿ ಎಲ್ಲಾದರೂ ಖರ್ಚಾಗಲೇಬೇಕು. ತಗಡು ಮಡಚುವುದರಲ್ಲಿ ಅದು ಖರ್ಚಾಗದಿದ್ದರೆ ಉಳಿದದ್ದು ಒಳಗಿನವರ ಎದೆಗೂಡಿಗೆ, ಕತ್ತಿಗೆ ಹೋಗುತ್ತದೆ. ಮುಂಭಾಗ ಅರ್ಧ ಮೀಟರ್ ಒಳಕ್ಕೆ ಕುಗ್ಗಿದರೆ ಕಾರು ನಿಲ್ಲಲು ಅಷ್ಟು ಹೆಚ್ಚು ದೂರ ಮತ್ತು ಅಷ್ಟು ಹೆಚ್ಚು ಸಮಯ ಸಿಗುತ್ತದೆ, ಮೈಮೇಲೆ ಬೀಳುವ ಬಲ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. 1959ರಲ್ಲಿ ಬಂದ, ಕಂಪನಿಯ ಸಂಕೇತದಲ್ಲಿ ಡಬ್ಲ್ಯು 111 ಎನಿಸಿಕೊಂಡ ಮಾದರಿ ಈ ತತ್ತ್ವದ ಮೇಲೆ ತಯಾರಾದ ಮೊದಲ ಕಾರು. ಹೀಗಾಗಿ, ವಿಮೆಯ ಕಡತದಲ್ಲಿ “ಪೂರ್ಣ ನಷ್ಟ” ಎಂದು ಬರೆಯಬೇಕಾದ ಕಾರಿನಿಂದ ಮಾಲೀಕರು ನಡೆದುಕೊಂಡು ಹೊರಬಂದಿದ್ದರೆ, ಆ ಕಾರು ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡಿದೆ. 1978ರಲ್ಲಿ ಬಾಷ್ ಜೊತೆಗೂಡಿ ತನ್ನ ದೊಡ್ಡ ಕಾರಾದ ಎಸ್ ಕ್ಲಾಸ್‌ಗೆ ಅಳವಡಿಸಿದ, ಬ್ರೇಕ್ ಒತ್ತಿದಾಗ ಚಕ್ರ ಬಿಗಿದು ಜಾರದಂತೆ ತಡೆಯುವ ಎಲೆಕ್ಟ್ರಾನಿಕ್ ಎಬಿಎಸ್, ಅದರ ಎರಡು ಮೂರು ವರ್ಷಗಳಲ್ಲೇ ಬಂದ ಏರ್‌ಬ್ಯಾಗ್, ಇವೆಲ್ಲ ಅದೇ ಚಿಂತನೆಯ ಮುಂದುವರಿಕೆ.

ಬಾಳಿಕೆಯ ಹೆಸರು ಬಂದದ್ದು ಬೇರೆ ದಾರಿಯಿಂದ, ಮುಖ್ಯವಾಗಿ ಟ್ಯಾಕ್ಸಿಗಳಿಂದ. 1976ರಿಂದ ಸುಮಾರು ಹತ್ತು ವರ್ಷ ತಯಾರಾದ ಡಬ್ಲ್ಯು 123 ಮಾದರಿಯಲ್ಲಿ 27 ಲಕ್ಷದಷ್ಟು ಕಾರುಗಳು ಹೊರಬಂದವು. ಅವುಗಳಲ್ಲಿ ಡೀಸೆಲ್ ಕಾರುಗಳು ಜರ್ಮನಿಯಲ್ಲಿ ಟ್ಯಾಕ್ಸಿಯಾಗಿ ದುಡಿದು, ಅಲ್ಲಿ ಬೇಡವಾದ ಮೇಲೆ ಮೊರಾಕೊದಂಥ ದೇಶಗಳಿಗೆ ಹೋಗಿ ಮತ್ತೆ ದಶಕಗಳ ಕಾಲ ದುಡಿದವು. ಇದರ ಗುಟ್ಟು ಸರಳ. 240 ಡಿ ಕಾರಿನ ಎಂಜಿನ್ 2.4 ಲೀಟರ್ ಗಾತ್ರದ್ದು, ಅದರಿಂದ ಮೊದಲು ತೆಗೆದ ಶಕ್ತಿ ಕೇವಲ 65 ಅಶ್ವಶಕ್ತಿ, ನಂತರ 72. ಇಂದು ಅದಕ್ಕಿಂತ ಚಿಕ್ಕ ಡೀಸೆಲ್ ಎಂಜಿನ್‌ನಿಂದ ಅದರ ಎರಡರಷ್ಟಕ್ಕೂ ಹೆಚ್ಚು ತೆಗೆಯುತ್ತಾರೆ. ಗಾತ್ರಕ್ಕೆ ತಕ್ಕಷ್ಟು ದುಡಿಸದೆ ಬಿಟ್ಟ ಎರಕದ ಕಬ್ಬಿಣದ ಎಂಜಿನ್, ಎರಡು ಸಾಲಿನ ಟೈಮಿಂಗ್ ಚೈನ್, ವಿದ್ಯುತ್ತಿನ ಹಂಗಿಲ್ಲದೆ ನಡೆಯುವ ಇಂಧನ ಪಂಪು, ಇವಿಷ್ಟಿದ್ದರೆ ಕೆಡಲು ಉಳಿಯುವುದು ಕಡಿಮೆ, ಕೆಟ್ಟರೂ ಸಾಧಾರಣ ಮೆಕ್ಯಾನಿಕ್ ಸರಿಪಡಿಸಬಲ್ಲ. ಅದರ ಬೆಲೆಯಾಗಿ ಚಾಲಕನು ನಿಧಾನವನ್ನು ಸಹಿಸಬೇಕಿತ್ತು. ಆ ಕಾರಿನ ವೇಗೋತ್ಕರ್ಷವನ್ನು ಕಂಡವರು ಅದನ್ನು ಉತ್ಕರ್ಷವೆಂದು ಕರೆಯಲು ಹಿಂಜರಿದಾರು. ಗ್ರೀಸಿನ ಥೆಸಲೋನಿಕಿಯ ಟ್ಯಾಕ್ಸಿ ಚಾಲಕರೊಬ್ಬರು ಇದಕ್ಕೂ ಹಿಂದಿನ ಮಾದರಿಯ 240 ಡಿ ಕಾರನ್ನು 46 ಲಕ್ಷ ಕಿಲೋಮೀಟರ್ ಓಡಿಸಿ 2004ರಲ್ಲಿ ಕಂಪನಿಯ ಸಂಗ್ರಹಾಲಯಕ್ಕೆ ಒಪ್ಪಿಸಿದರು. ಈ ಅಂಕಿಯನ್ನು ಹೇಳುವವರು, ಆ ಚಾಲಕರು ಎಂಜಿನನ್ನು ಮತ್ತೆ ಮತ್ತೆ ಇಳಿಸಿ ಬದಲಿಸಿದ್ದರು ಎಂಬುದನ್ನು ಹೇಳುವುದಿಲ್ಲ. ನನ್ನ ಮಟ್ಟಿಗೆ ಕಾರಿಗಿಂತ ಆ ಚಾಲಕರ ಶ್ರದ್ಧೆಯೇ ದೊಡ್ಡದು.

ಇಂಥ ಕಾರುಗಳು ಹುಟ್ಟಿದ್ದು ಒಂದು ಲೆಕ್ಕದ ಪದ್ಧತಿಯಿಂದ. ಕಾರು ಹೇಗಿರಬೇಕೆಂದು ಎಂಜಿನಿಯರುಗಳು ಮೊದಲು ತೀರ್ಮಾನಿಸುತ್ತಿದ್ದರು. ತಗಲಿದ ವೆಚ್ಚದ ಮೇಲೆ ಲಾಭ ಕೂಡಿಸಿ ಬೆಲೆ ನಿಗದಿ ಮಾಡುತ್ತಿದ್ದರು. ಜನ ಸರದಿಯಲ್ಲಿ ಕಾದು ಕೊಳ್ಳುತ್ತಿದ್ದರು. ಎದುರಾಳಿಗಳು ದುರ್ಬಲರಾಗಿರುವವರೆಗೆ ಈ ಪದ್ಧತಿ ನಡೆಯಿತು. 1989ರಲ್ಲಿ ಟೊಯೊಟಾ ಲೆಕ್ಸಸ್ ಹೆಸರಿನ ದೊಡ್ಡ ಕಾರನ್ನು ಅಮೆರಿಕದಲ್ಲಿ ಸುಮಾರು 35,000 ಡಾಲರಿಗೆ ಮಾರಾಟಕ್ಕೆ ಇಟ್ಟಿತು. ಅದು ಬೆಂಜ್‌ನ ಎಸ್ ಕ್ಲಾಸ್‌ಗಿಂತ ಬಹಳ ಅಗ್ಗವಾಗಿತ್ತು, ಸದ್ದಿಲ್ಲದೆ ಓಡುತ್ತಿತ್ತು, ಕೆಡುತ್ತಲೂ ಇರಲಿಲ್ಲ. ಅದೇ ಹೊತ್ತಿಗೆ ಡೈಮ್ಲರ್ ಬೆಂಜ್ ರೂಪಿಸುತ್ತಿದ್ದ ಹೊಸ ಎಸ್ ಕ್ಲಾಸ್, ಡಬ್ಲ್ಯು 140, ಗಡುವನ್ನೂ ವೆಚ್ಚವನ್ನೂ ಮೀರಿ 1991ರಲ್ಲಿ ಹೊರಬಂತು. ಹಳೆಯ ಪದ್ಧತಿಯಲ್ಲಿ ತಯಾರಾದ ಕೊನೆಯ ದೊಡ್ಡ ಕಾರು ಅದೇ ಎಂದು ನಮ್ಮ ವೃತ್ತಿಯವರು ಬಗೆಯುತ್ತಾರೆ. 1993ರಲ್ಲಿ ನ್ಯೂಯಾರ್ಕ್ ಷೇರುಪೇಟೆಗೆ ಸೇರಿದಾಗ ಕಂಪನಿಯು ಅಮೆರಿಕದ ನಿಯಮದಂತೆಯೂ ಲೆಕ್ಕ ಒಪ್ಪಿಸಬೇಕಾಯಿತು. ಜರ್ಮನಿಯ ನಿಯಮದಲ್ಲಿ ಲಾಭ ತೋರಿಸಿದ್ದ ಅದೇ ವರ್ಷ ಅಮೆರಿಕದ ನಿಯಮದಲ್ಲಿ ಸುಮಾರು 180 ಕೋಟಿ ಮಾರ್ಕ್ ನಷ್ಟವಾಗಿ ಕಂಡಿತು. ಕಾರು ವಿಭಾಗದ ಮುಖ್ಯಸ್ಥ ಹೆಲ್ಮುಟ್ ವರ್ನರ್ ಕಾಲದಲ್ಲಿ ಲೆಕ್ಕದ ಕ್ರಮ ತಿರುಗಿತು: ಮಾರುಕಟ್ಟೆ ಯಾವ ಬೆಲೆ ಕೊಟ್ಟೀತು ಎಂಬುದು ಮೊದಲು, ಆ ಬೆಲೆಯೊಳಗೆ ಕಾರನ್ನು ತಯಾರಿಸುವುದು ನಂತರ. ಇದರಲ್ಲಿ ಅಪರಾಧವೇನೂ ಇಲ್ಲ, ಬಹುತೇಕ ಎಲ್ಲ ಕಂಪನಿಗಳೂ ಹೀಗೆಯೇ ಮಾಡುತ್ತವೆ. ಆದರೆ ಹಳೆಯ ಪದ್ಧತಿ ಗಳಿಸಿದ ಹೆಸರನ್ನು ಹೊಸ ಪದ್ಧತಿಯ ಕಾರುಗಳೂ ಧರಿಸಿಕೊಂಡವು.

ನಂತರದ ಹತ್ತು ವರ್ಷಗಳು ಆ ಹೆಸರಿಗೆ ಕಷ್ಟದವು. 1990ರ ದಶಕದ ಮೊದಲರ್ಧದ ಕೆಲವು ಎಂಜಿನ್‌ಗಳ ವೈರಿಂಗ್‌ಗೆ, ಪರಿಸರದ ದೃಷ್ಟಿಯಿಂದ, ಮಣ್ಣಿನಲ್ಲಿ ಕರಗಬಲ್ಲ ಹೊದಿಕೆ ಬಳಸಲಾಯಿತು. ಅದು ಎಂಜಿನ್ ಶಾಖಕ್ಕೆ ಪುಡಿಪುಡಿಯಾಗಿ ಉದುರಿತು. 1995ರಲ್ಲಿ ಬಂದ ಡಬ್ಲ್ಯು 210 ಇ ಕ್ಲಾಸ್‌ಗೆ, ಯುರೋಪಿನ ಚಳಿಗಾಲದ ಉಪ್ಪು ಸುರಿದ ರಸ್ತೆಗಳಲ್ಲಿ, ಮುಂದಿನ ಸ್ಪ್ರಿಂಗ್ ಕೂರುವ ಜಾಗದವರೆಗೂ ತುಕ್ಕು ಹಿಡಿಯಿತು. 1997ರ ಅಕ್ಟೋಬರ್‌ನಲ್ಲಿ ಸ್ವೀಡನ್ನಿನ ವಾಹನ ಪತ್ರಿಕೆಯೊಂದು ನಡೆಸಿದ, ಅಡ್ಡ ಬಂದ ಕಡವೆಯಂಥ ಪ್ರಾಣಿಯನ್ನು ತಪ್ಪಿಸುವಂತೆ ಚಕ್ರ ತಿರುಗಿಸಿ ನೋಡುವ ಪರೀಕ್ಷೆಯಲ್ಲಿ ಹೊಚ್ಚ ಹೊಸ ಎ ಕ್ಲಾಸ್ ಕಾರು ಮಗುಚಿಬಿತ್ತು. ಕಂಪನಿ ಮೊದಲು ಪರೀಕ್ಷೆಯನ್ನೇ ದೂರಿ, ಆಮೇಲೆ ಕೆಲವು ತಿಂಗಳು ಮಾರಾಟ ನಿಲ್ಲಿಸಿ, ಎಲ್ಲ ಎ ಕ್ಲಾಸ್ ಕಾರುಗಳಿಗೂ, ಹತೋಟಿ ತಪ್ಪುವ ಕಾರನ್ನು ತಾನಾಗಿ ಸರಿದಾರಿಗೆ ತರುವ ಇಎಸ್‌ಪಿ ಅಳವಡಿಸಿತು. ಅಲ್ಲಿಯವರೆಗೆ ದುಬಾರಿ ಕಾರುಗಳಲ್ಲಿ ಮಾತ್ರ ಇದ್ದ ಆ ಉಪಕರಣ ಸಣ್ಣ ಕಾರಿಗೆ ಇಳಿದದ್ದು ಈ ಅವಮಾನದಿಂದಲೇ. 2014ರ ನವೆಂಬರ್‌ನಿಂದ ಯುರೋಪಿನ ಎಲ್ಲ ಹೊಸ ಕಾರುಗಳಿಗೂ ಅದು ಕಡ್ಡಾಯವಾಯಿತು. 1998ರಲ್ಲಿ ಆದ ಕ್ರೈಸ್ಲರ್ ಜೊತೆಗಿನ ವಿಲೀನ 2007ರಲ್ಲಿ ಮುರಿಯಿತು. ಈ ನಡುವೆ, ಪೆಡಲ್ಲಿನ ಒತ್ತಡವನ್ನು ಕಂಪ್ಯೂಟರ್ ಓದಿಕೊಂಡು ಬ್ರೇಕ್ ಹಾಕುವ ಎಸ್‌ಬಿಸಿ ವ್ಯವಸ್ಥೆಗಾಗಿ 2004ರಲ್ಲಿ 6,80,000 ಕಾರುಗಳನ್ನು ವಾಪಸು ಕರೆಯಬೇಕಾಯಿತು. 2005ರಲ್ಲಿ ವಿದ್ಯುತ್ ಮತ್ತು ಬ್ರೇಕ್ ದೋಷಗಳಿಗಾಗಿ ವಾಪಸು ಕರೆದ ಕಾರುಗಳ ಸಂಖ್ಯೆ 13 ಲಕ್ಷ. ಮರುವರ್ಷ ಇ ಕ್ಲಾಸ್ ಮತ್ತೆ ಹಳೆಯ ಬಗೆಯ ಹೈಡ್ರಾಲಿಕ್ ಬ್ರೇಕಿಗೆ ಮರಳಿತು. ಆ ನಂತರದ ಕಾರುಗಳಲ್ಲಿ ಗುಣಮಟ್ಟ ಸುಧಾರಿಸಿತೆಂದು ಹೇಳುವುದು ನ್ಯಾಯ. ಡೀಸೆಲ್ ಹೊಗೆಯ ವಿವಾದ ಬೇರೆಯೇ ವಿಷಯ; 2020ರಲ್ಲಿ ಅಮೆರಿಕದಲ್ಲಿ ಕಂಪನಿ ಅದಕ್ಕಾಗಿ ದೊಡ್ಡ ಮೊತ್ತದ ರಾಜಿ ಮಾಡಿಕೊಂಡಿತು.

ಇಷ್ಟೆಲ್ಲ ಆದರೂ ನಮ್ಮಲ್ಲಿ ಹೆಸರು ಏಕೆ ಕುಂದಲಿಲ್ಲ? ಭಾರತದಲ್ಲಿ ಬೆಂಜ್ ಮೊದಲು ತಯಾರಾದದ್ದು ಲಾರಿಯಾಗಿ. 1954ರಲ್ಲಿ ಟಾಟಾ ಜೊತೆ ಒಪ್ಪಂದವಾಗಿ ಜಮ್‌ಶೆಡ್‌ಪುರದಲ್ಲಿ ತಯಾರಾದ ಲಾರಿಗಳು 1969ರವರೆಗೆ ಮೂತಿಯ ಮೇಲೆ ಮೂರು ಮೂಲೆಯ ನಕ್ಷತ್ರ ಹೊತ್ತು ಓಡಿದವು. ಹಿರಿಯ ಲಾರಿ ಚಾಲಕರ ಬಾಯಲ್ಲಿ “ಟಾಟಾ ಬೆಂಜ್” ಎಂಬ ಹೆಸರು ಬಹಳ ಕಾಲ ಉಳಿಯಿತು. ಮಿತಿಮೀರಿ ಹೇರಿದ ಭಾರವನ್ನು ಹೊತ್ತು ಘಟ್ಟ ಹತ್ತಿದ ಲಾರಿಯ ಮೇಲಿದ್ದ ಗುರುತೇ ಸಾಹುಕಾರರ ಕಾರಿನ ಮೇಲೂ ಇದೆಯೆಂಬುದು ಯಾವ ಜಾಹೀರಾತಿಗಿಂತಲೂ ದೊಡ್ಡ ಶಿಫಾರಸಾಗಿತ್ತು. ಆಮೇಲೆ 1995ರಲ್ಲಿ ಪುಣೆಯಲ್ಲಿ ಜೋಡಣೆಯಾಗಿ ಬಂದ ಮೊದಲ ಕಾರು ಡಬ್ಲ್ಯು 124, ಅಂದರೆ ಯುರೋಪಿನಲ್ಲಿ ಅದೇ ವರ್ಷ ಡಬ್ಲ್ಯು 210ಕ್ಕೆ ಜಾಗ ಬಿಟ್ಟುಕೊಟ್ಟ ಹಳೆಯ ಪದ್ಧತಿಯ ಕಾರು. ಅಲ್ಲಿ ಹೆಸರು ಇಳಿಯಲು ಆರಂಭಿಸಿದ ವರ್ಷ ಇಲ್ಲಿ ಏರಲು ಆರಂಭಿಸಿತು. ತುಕ್ಕಿನ ತೊಂದರೆಯೂ ಉಪ್ಪು ಹಾಕದ ನಮ್ಮ ರಸ್ತೆಗಳಲ್ಲಿ ಅಷ್ಟಾಗಿ ಕಾಣಿಸಿಕೊಳ್ಳಲಿಲ್ಲ. ಮರುವರ್ಷ, 1996ರಲ್ಲಿ, ಕಂಪನಿ ಬೆಂಗಳೂರಿನಲ್ಲಿ ಸಂಶೋಧನೆ ಮತ್ತು ಅಭಿವೃದ್ಧಿ ಕೇಂದ್ರವನ್ನೂ ತೆರೆಯಿತು. ಈಗ ಬರುವ ಕಾರುಗಳ ಸಾಫ್ಟ್‌ವೇರ್ ಮತ್ತು ವಿನ್ಯಾಸದ ಕೆಲಸದಲ್ಲಿ ಕನ್ನಡಿಗ ಎಂಜಿನಿಯರುಗಳ ಕೈಯೂ ಇದೆ.

ನಾನು ಕಾರು ಪರೀಕ್ಷಿಸುವಾಗ ಮೊದಲು ಬರೆದುಕೊಳ್ಳುವುದು ಛಾಸಿ ಸಂಖ್ಯೆ, ಅದರಿಂದ ತಿಳಿಯುವ ಮಾದರಿ ಮತ್ತು ತಯಾರಾದ ತಿಂಗಳು. ನೋಂದಣಿಯ ವರ್ಷ ಒಂದಾಗಿದ್ದು ತಯಾರಿಕೆಯ ವರ್ಷ ಇನ್ನೊಂದಾಗಿರುವುದುಂಟು. ದೆಹಲಿ ಪ್ರದೇಶದಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ವಾಹನಗಳಿಗೆ ನಿರ್ಬಂಧ ಬಂದ ಮೇಲೆ ಅಲ್ಲಿಯ ಐಷಾರಾಮಿ ಕಾರುಗಳು ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಪಡೆದು ದಕ್ಷಿಣಕ್ಕೂ ಬರತೊಡಗಿದವು. ಕೇಳಿದರೆ ಆಶ್ಚರ್ಯವಾಗುವಷ್ಟು ಕಡಿಮೆ ಬೆಲೆಗೆ ಸಿಗುವುದರಿಂದ, ಮಧ್ಯಮ ವರ್ಗದ ಮನೆಗಳಲ್ಲೂ ಬೆಂಜ್‌ನ ಆಸೆ ಚಿಗುರಿದೆ. ಕರ್ನಾಟಕದಲ್ಲಿ ಮರುನೋಂದಣಿಗೆ ಕಟ್ಟಬೇಕಾದ ಜೀವಿತಾವಧಿ ತೆರಿಗೆಯನ್ನು ಹಲವರು ಲೆಕ್ಕಕ್ಕೇ ಹಿಡಿದಿರುವುದಿಲ್ಲ. ಅದಕ್ಕಿಂತ ಮುಖ್ಯವಾದದ್ದು ಬಿಡಿಭಾಗಗಳ ಬೆಲೆ. ಹೊಸದರಲ್ಲಿ ಐವತ್ತು ಲಕ್ಷ ಬಾಳುತ್ತಿದ್ದ ಕಾರು ಎಂಟು ಲಕ್ಷಕ್ಕೆ ಇಳಿದಿರಬಹುದು, ಆದರೆ ಅದರ ಏರ್ ಸಸ್ಪೆನ್ಷನ್, ಗೇರ್‌ಬಾಕ್ಸಿನ ಎಲೆಕ್ಟ್ರಾನಿಕ್ ಘಟಕ, ಹೆಡ್‌ಲೈಟು ಇವುಗಳ ಬೆಲೆ ಐವತ್ತು ಲಕ್ಷದ ಕಾರಿನದ್ದಾಗಿಯೇ ಉಳಿದಿರುತ್ತದೆ. ಇದು ಈ ಒಂದು ಕಂಪನಿಯ ಮಾತಲ್ಲ, ಈ ದರ್ಜೆಯ ಎಲ್ಲ ಕಾರುಗಳಿಗೂ ಅನ್ವಯಿಸುತ್ತದೆ. ಆದ್ದರಿಂದ ವರದಿಯ ಕೊನೆಯಲ್ಲಿ ಕಾರಿನ ಇಂದಿನ ಬೆಲೆಯ ಪಕ್ಕದಲ್ಲೇ ಮುಂದಿನ ಎರಡು ವರ್ಷಗಳಲ್ಲಿ ಬರಬಹುದಾದ ದುರಸ್ತಿಯ ಅಂದಾಜು ವೆಚ್ಚವನ್ನೂ ಬರೆಯುತ್ತೇನೆ. ಮಾರುವವರಿಗೂ ಕೊಳ್ಳುವವರಿಗೂ ನಿಜವಾದ ಚೌಕಾಸಿ ನಡೆಯುವುದು ಆ ಎರಡನೆಯ ಅಂಕಿಯ ಮೇಲೆ.