ಪಕ್ಕದೂರಿಗೆ ಬಂದ ಮಳೆ ನಮಗೇಕಿಲ್ಲ? ಗುಡ್ಡದ ಫ್ಯಾನ್‌ಗಳು ಮೋಡ ಓಡಿಸುತ್ತವಾ?

ಪ್ರಶ್ನೆ: ಈ ವಾರ ಪೂರ್ತಿ ಚಿತ್ರದುರ್ಗ, ದಾವಣಗೆರೆ ಕಡೆ ಗುಡುಗು ಮಳೆ ಅಂತ ಹೇಳಿದ್ರು. ಸೆಕೆಯೇ ಸೆಕೆ. ಮಧ್ಯಾಹ್ನ ಮೋಡ ಕಟ್ಟುತ್ತೆ, ಗುಡುಗುತ್ತೆ, ಹೋಗುತ್ತೆ. ಪಕ್ಕದೂರಲ್ಲಿ ಚರಂಡಿ ಉಕ್ಕಿ ಹರಿದಿದೆ, ನಮ್ಮೂರಲ್ಲಿ ಹನಿ ಇಲ್ಲ. ಗುಡ್ಡದ ಮೇಲಿನ ಗಾಳಿಯಂತ್ರದ ಫ್ಯಾನ್‌ಗಳೇ ಮೋಡ ಓಡಿಸ್ತಿವೆ ಅಲ್ವಾ?

ಉತ್ತರ: ಅಶ್ವಿನಿ ಮಳೆ ಶುರುವಾಗುವ ಹೊತ್ತಿಗೆ ಈ ಪ್ರಶ್ನೆ ಬರದ ವರ್ಷವೇ ಇಲ್ಲ. ಕೇಳುವವರು ಬೇರೆ, ಊರು ಬೇರೆ, ಕೊನೆಯ ಸಾಲು ಮಾತ್ರ ಅದೇ. ಹಾಗಾಗಿ ಈ ಸಲ ಉದ್ದಕ್ಕೇ ಬರೆಯುತ್ತಿದ್ದೇನೆ. ಮುಂದಿನ ವರ್ಷ ಕೇಳುವವರಿಗೆ ಇದನ್ನೇ ಕಳಿಸಿಬಿಡಿ.

ಮೊದಲು ಮಳೆಯ ವಿಷಯ ಮುಗಿಸೋಣ, ಅದು ಸುಲಭ. ಏಪ್ರಿಲ್-ಮೇ ತಿಂಗಳ ಮಳೆ ಮುಂಗಾರಿನ ಹಾಗೆ ಇಡೀ ಜಿಲ್ಲೆಗೆ ಒಟ್ಟಿಗೆ ಬರುವುದಿಲ್ಲ. ಒಂದೊಂದು ಗುಡುಗು ಮೋಡವೂ ಅಲ್ಲಲ್ಲೇ ಹುಟ್ಟಿ ಅಲ್ಲಲ್ಲೇ ಸಾಯುತ್ತದೆ. ಅಗಲ ಕೆಲವೇ ಕಿಲೋಮೀಟರ್, ಆಯಸ್ಸು ಹೆಚ್ಚೆಂದರೆ ಒಂದು ಗಂಟೆ. ದಾವಣಗೆರೆಯಲ್ಲಿ ವಿದ್ಯಾನಗರ ತೊಯ್ದು ಹಳೇಪೇಟೆ ಒಣಗಿದ್ದರೆ ಅದರಲ್ಲಿ ವಿಚಿತ್ರ ಏನೂ ಇಲ್ಲ. ಈ ಮಳೆ ಇರುವುದೇ ಹಾಗೆ.

ಒಂದು ದಿನ ಪುರುಸೊತ್ತು ಮಾಡಿಕೊಂಡು ಆಕಾಶ ನೋಡಿ. ಬೆಳಿಗ್ಗೆ ಹತ್ತರವರೆಗೆ ಏನೂ ಇರುವುದಿಲ್ಲ, ಬರೀ ಬಿಸಿಲು. ಹನ್ನೊಂದು, ಹನ್ನೆರಡಕ್ಕೆ ಜೋಗಿಮಟ್ಟಿ ಗುಡ್ಡದ ಕಡೆ ಚಿಕ್ಕ ಚಿಕ್ಕ ಬಿಳಿ ಮೋಡ, ಅಡಿ ಚಪ್ಪಟೆ, ತಲೆ ಗುಂಡು. ಎರಡು ಗಂಟೆ ಹೊತ್ತಿಗೆ ಅದರಲ್ಲಿ ಮುಕ್ಕಾಲು ಪಾಲು ಕರಗಿ ಹೋಗಿರುತ್ತದೆ, ಒಂದೆರಡು ಮಾತ್ರ ಮೇಲಕ್ಕೆ ಏರುತ್ತಲೇ ಇರುತ್ತವೆ. ನಾಲ್ಕಕ್ಕೆ ಅಡಿ ಕಪ್ಪಾಗುತ್ತದೆ, ತಲೆ ಒಂದು ಕಡೆಗೆ ಹರಡಿಕೊಳ್ಳುತ್ತದೆ. ಆಮೇಲೆ ಇದ್ದಕ್ಕಿದ್ದಂತೆ ಗಾಳಿ ತಣ್ಣಗಾಗಿ ಧೂಳು ಎದ್ದು, ಅಂಗಡಿ ಮುಂದಿನ ಟಾರ್ಪಾಲು ಪಟಪಟ ಅನ್ನುತ್ತದೆ. ಆ ತಣ್ಣನೆ ಗಾಳಿ ಎಲ್ಲಿಂದಲೋ ಬಂದದ್ದಲ್ಲ, ಆಗಲೇ ಎಲ್ಲೋ ಮಳೆ ಸುರಿಸುತ್ತಿರುವ ಮೋಡದ ಹೊಟ್ಟೆಯಿಂದ ಕೆಳಗೆ ಬಿದ್ದು, ನೆಲಕ್ಕೆ ಬಡಿದು ಸುತ್ತಲೂ ಹರಡಿದ್ದು. ಅದು ಮುಂದಕ್ಕೆ ನುಗ್ಗುವಾಗ ಎದುರಿಗಿರುವ ಬಿಸಿ ಗಾಳಿಯನ್ನು ಮೇಲಕ್ಕೆ ಎತ್ತುತ್ತದೆ. ಅಲ್ಲಿ ಇನ್ನೊಂದು ಮೋಡ ಹುಟ್ಟಬಹುದು. ನಿಮ್ಮ ತಲೆ ಮೇಲೆ ಗುಡುಗಿದ್ದು ಸತ್ತು, ಮಳೆ ಪಕ್ಕದೂರಿಗೆ ಹೋಗುವುದು ಹೀಗೆ. ನೋಡುವವರಿಗೆ ಯಾರೋ ಮೋಡವನ್ನು ಅಟ್ಟಿದಂತೆ ಕಾಣುತ್ತದೆ, ನಿಜ.

ಬರೀ ಸೆಕೆ ಇದ್ದರೆ ಸಾಲದು ಅನ್ನುವುದೂ ನೆನಪಿರಲಿ. ನೆಲ ಕಾದಿರಬೇಕು, ಅರಬ್ಬೀ ಸಮುದ್ರದಿಂದಲೋ ಬಂಗಾಳ ಕೊಲ್ಲಿಯಿಂದಲೋ ತೇವ ಬಂದಿರಬೇಕು, ಮೇಲೆ ಕೂತಿರುವ ಬಿಸಿ ಒಣ ಗಾಳಿಯ ಪದರ ಎಲ್ಲಾದರೂ ಒಡೆಯಬೇಕು. ಮಹಾರಾಷ್ಟ್ರದಿಂದ ನಮ್ಮ ಒಳನಾಡಿನ ಮೇಲೆ ಹಾದು ತಮಿಳುನಾಡಿನವರೆಗೆ ಕಡಿಮೆ ಒತ್ತಡದ ಒಂದು ಪಟ್ಟಿ ಈ ದಿನಗಳಲ್ಲಿ ಆಗಾಗ ಏಳುತ್ತದೆ. ಅದು ಇದ್ದ ವಾರ ಮಳೆಯ ಸಾಧ್ಯತೆ ಜಾಸ್ತಿ. ಅಷ್ಟನ್ನು ಮೂರು ನಾಲ್ಕು ದಿನ ಮೊದಲೇ ಹೇಳಬಹುದು. ಯಾವ ಊರಿಗೆ, ಎಷ್ಟು ಗಂಟೆಗೆ ಅನ್ನುವುದನ್ನು ಎರಡು ಮೂರು ಗಂಟೆ ಮೊದಲು ಹೇಳಿದರೂ ದೊಡ್ಡದು. ಮಂಡಕ್ಕಿ ಭಟ್ಟಿಯಲ್ಲಿ ಮರಳು ಕಾದಿದೆ, ಅಕ್ಕಿ ಅರಳುತ್ತದೆ ಅಂತ ಯಾರು ಬೇಕಾದರೂ ಹೇಳಬಹುದು. ಯಾವ ಕಾಳು ಮೊದಲು ಅರಳುತ್ತದೆ ಅಂತ ಭಟ್ಟಿಯವರನ್ನು ಕೇಳಿದರೆ ನಗುತ್ತಾರೆ.

ಹವಾಮಾನ ಇಲಾಖೆಯವರು 'ಒಂದೆರಡು ಕಡೆ' ಅಂದರೆ ಆ ಭಾಗದ ಮಳೆ ಮಾಪನ ಕೇಂದ್ರಗಳಲ್ಲಿ ಹೆಚ್ಚೆಂದರೆ ಕಾಲು ಭಾಗಕ್ಕೆ ಮಳೆ ಎಂದರ್ಥ. 'ಕೆಲವು ಕಡೆ' ಅಂದರೆ ಅರ್ಧದವರೆಗೆ. ಅಂದರೆ 'ಒಂದೆರಡು ಕಡೆ ಗುಡುಗು ಮಳೆ' ಅಂತ ಹೇಳಿದ ದಿನ ಮುಕ್ಕಾಲು ಪಾಲು ಊರು ಒಣಗಿದ್ದರೂ ಅವರು ಹೇಳಿದ್ದು ಸರಿಯೇ. ಟಿವಿಯವರು ಅದನ್ನೇ 'ರಾಜ್ಯದಲ್ಲಿ ವರುಣಾರ್ಭಟ' ಮಾಡಿ ಹೇಳಿದರೆ ಇಲಾಖೆಯನ್ನು ಬೈಯಬೇಡಿ.

ಈಗ ಫ್ಯಾನ್ ವಿಷಯಕ್ಕೆ ಬರೋಣ.

ಎಷ್ಟು ಹೇಳಿದರೂ ಹೋಗದ ನಂಬಿಕೆ ಇದು. ಓದಿದವರು, ಓದದವರು ಅನ್ನುವ ಭೇದ ಇಲ್ಲ. ಪಂಚಾಯಿತಿ ಕಟ್ಟೆಯಲ್ಲೂ ಇದೇ ಮಾತು, ಕಾಲೇಜು ಮೇಷ್ಟ್ರ ಬಾಯಲ್ಲೂ ಇದೇ ಮಾತು. ಕಂಪನಿಯವರು ರಾತ್ರಿ ಹೊತ್ತು ಏನೋ ಪುಡಿ ಹೊಡೆದು ಮೋಡ ಒಡೆಯುತ್ತಾರೆ ಅನ್ನುವ ಬಾಲವೂ ಇತ್ತೀಚೆಗೆ ಸೇರಿಕೊಂಡಿದೆ. ಒಂದೊಂದಾಗಿ ನೋಡೋಣ.

ಗುಡ್ಡದ ಮೇಲಿರುವ ಯಂತ್ರ ಗಾಳಿ ಬೀಸುವುದಿಲ್ಲ. ಮನೆಯ ಫ್ಯಾನ್ ಕರೆಂಟ್ ತಿಂದು ಗಾಳಿ ಕೊಡುತ್ತದೆ, ಇದು ಗಾಳಿ ತಿಂದು ಕರೆಂಟ್ ಕೊಡುತ್ತದೆ. ರೆಕ್ಕೆ ದಾಟಿ ಹಿಂದಕ್ಕೆ ಹೋದ ಗಾಳಿಯ ವೇಗ ಮೊದಲಿಗಿಂತ ಕಡಿಮೆಯೇ ಆಗಿರುತ್ತದೆ. ಜಾಸ್ತಿ ಆಗಲು ಸಾಧ್ಯವೇ ಇಲ್ಲ, ಹಾಗೆ ಆಗಿಬಿಟ್ಟರೆ ಕರೆಂಟ್ ಎಲ್ಲಿಂದ ಬರಬೇಕು? ಮೋಡ ಓಡಿಸುವ ಮಾತು ಹಾಗಿರಲಿ, ಈ ಯಂತ್ರ ಎದುರಿಗೆ ಬಂದ ಗಾಳಿಯನ್ನೇ ಸ್ವಲ್ಪ ತಡೆದು ನಿಲ್ಲಿಸುತ್ತದೆ.

ಎರಡನೆಯದು ಎತ್ತರ. ಹಳೆಯ ಯಂತ್ರಗಳು ರೆಕ್ಕೆ ತುದಿಯವರೆಗೆ 100 ಮೀಟರ್ ಆಸುಪಾಸು, ಹೊಸವು 200 ಮೀಟರ್ ಹತ್ತಿರ. ಬೇಸಿಗೆಯ ಗುಡುಗು ಮೋಡದ ಅಡಿ ನೆಲದಿಂದ ಸುಮಾರು 2 ಕಿಲೋಮೀಟರ್ ಮೇಲಿರುತ್ತದೆ, ತಲೆ 12 ಕಿಲೋಮೀಟರ್ ದಾಟುತ್ತದೆ. ಗುಡ್ಡದ ಎತ್ತರ ಸೇರಿಸಿಕೊಂಡರೂ ರೆಕ್ಕೆ ಮೋಡದ ಬುಡಕ್ಕೆ ಮುಟ್ಟುವುದಿಲ್ಲ. "ಜುಲೈನಲ್ಲಿ ಮೋಡ ಫ್ಯಾನನ್ನೇ ಮುಚ್ಚುತ್ತಲ್ಲ ಸಾರ್" ಅಂತ ಒಬ್ಬರು ಕೇಳಿಯೇ ಕೇಳುತ್ತಾರೆ. ಹೌದು, ಮುಚ್ಚುತ್ತದೆ. ಅದು ಮುಂಗಾರಿನ ತೆಳು ಮೋಡ, ಗುಡ್ಡಕ್ಕೆ ಒರಗಿ ಜಿಟಿಜಿಟಿ ಹನಿಸುತ್ತದೆ. ಕೆರೆ ತುಂಬಿಸುವ ಮೋಡ ಅದಲ್ಲ.

ಮೂರನೆಯದು ಬಲ. ಇದನ್ನು ಲೆಕ್ಕ ಹಾಕಿಯೇ ತೋರಿಸುತ್ತೇನೆ, ಯಾಕೆಂದರೆ ಇದನ್ನು ಹೇಳುವಾಗ ನನಗೆ ಖುಷಿ. ಒಂದು ಲೀಟರ್ ನೀರು ಆವಿಯಿಂದ ಹನಿಯಾಗುವಾಗ ಸುಮಾರು 0.7 ಯೂನಿಟ್ ಕರೆಂಟಿನಷ್ಟು ಶಾಖ ಹೊರಗೆ ಬರುತ್ತದೆ. ಮೋಡ ಮೇಲೇರುವುದು ಆ ಶಾಖದ ಬಲದಿಂದಲೇ. ಒಂದು ಚದರ ಕಿಲೋಮೀಟರಿಗೆ 10 ಮಿಲಿಮೀಟರ್ ಮಳೆ ಅಂದರೆ 1 ಕೋಟಿ ಲೀಟರ್ ನೀರು. ಅಲ್ಲಿಗೆ 70 ಲಕ್ಷ ಯೂನಿಟ್ ಆಯಿತು. 2 ಮೆಗಾವ್ಯಾಟಿನ ಒಂದು ಗಾಳಿಯಂತ್ರ ಪೂರ್ತಿ ಬಲದಲ್ಲಿ ತಿರುಗಿದರೆ ಗಂಟೆಗೆ 2,000 ಯೂನಿಟ್. ಅಷ್ಟು ಮಾಡಲು ಅದು ಹಗಲೂ ರಾತ್ರಿ ನಿಲ್ಲದೆ ಸುಮಾರು 146 ದಿನ ತಿರುಗಬೇಕು. ಇದು ಒಂದೇ ಒಂದು ಚದರ ಕಿಲೋಮೀಟರಿನ, ಅದೂ ಸಾಧಾರಣ ಮಳೆಯ ಲೆಕ್ಕ. ಒಂದು ಒಳ್ಳೆಯ ಭರಣಿ ಮಳೆ ಅರ್ಧ ಗಂಟೆಯಲ್ಲಿ ಇದರ ಹತ್ತಾರು ಪಟ್ಟು ಮಾಡಿ ಮುಗಿಸುತ್ತದೆ. ಪುಡಿ ಹೊಡೆಯುವ ಮಾತೂ ಅಷ್ಟೇ. 2017ರಲ್ಲಿ ಸರ್ಕಾರವೇ 'ವರ್ಷಧಾರೆ' ಅಂತ ವಿಮಾನದಲ್ಲಿ ಹೋಗಿ ಮೋಡ ಬಿತ್ತನೆ ಮಾಡಿಸಿತ್ತು, ಮಳೆ ಬರಲಿ ಅಂತ. ಕೋಟಿಗಟ್ಟಲೆ ಖರ್ಚು ಮಾಡಿ, ವಿಮಾನವನ್ನು ಮೋಡದ ಹತ್ತಿರಕ್ಕೇ ಒಯ್ದು ಮಾಡುವ ಕೆಲಸ ಅದು. ಗುಡ್ಡದ ಬುಡದಲ್ಲಿ ಕೂತ ಇಬ್ಬರು ವಾಚ್‌ಮನ್‌ಗಳು ರಾತ್ರೋರಾತ್ರಿ ಮೋಡ ಒಡೆಯುತ್ತಾರೆ ಅಂದರೆ ಹೇಗೆ ನಂಬುವುದು?

ಇಷ್ಟಾದರೂ "ಫ್ಯಾನ್ ಬರೋಕೆ ಮುಂಚೆ ಚೆನ್ನಾಗಿ ಮಳೆ ಬರ್ತಿತ್ತು" ಅನ್ನುವವರಿಗೆ ಒಂದು ಊರಿನ ಹೆಸರು ಹೇಳುತ್ತೇನೆ: ಮಾರಿಕಣಿವೆ. ಅಲ್ಲಿ ವೇದಾವತಿ ನದಿಗೆ ಕಟ್ಟಿದ ವಾಣಿವಿಲಾಸ ಸಾಗರ ಡ್ಯಾಂ 1907ರಲ್ಲಿ ಮುಗಿಯಿತು. 1933ರಲ್ಲಿ ಕೋಡಿ ಬಿತ್ತು. ಆಮೇಲೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ, 89 ವರ್ಷದ ನಂತರ. ಈ 89 ವರ್ಷದಲ್ಲಿ ಬಹುಪಾಲು ಕಾಲ ನಮ್ಮ ಗುಡ್ಡಗಳ ಮೇಲೆ ಒಂದೂ ಫ್ಯಾನ್ ಇರಲಿಲ್ಲ, ಆದರೂ ಡ್ಯಾಂ ತುಂಬಲಿಲ್ಲ. 2022ರಲ್ಲಿ ಎಲ್ಲಿ ನೋಡಿದರೂ ಫ್ಯಾನ್, ಆದರೂ ಕೋಡಿ ಬಿತ್ತು. ಅದಕ್ಕೆ ಭದ್ರಾ ಮೇಲ್ದಂಡೆ ಯೋಜನೆಯ ನೀರೂ ಸೇರಿತ್ತು ಅನ್ನಿ, ಒಪ್ಪುತ್ತೇನೆ. ಆದರೆ ಆ ವರ್ಷ ವೇದಾವತಿ ಹರಿದ ರೀತಿ ಹಿರಿಯೂರಿನವರಿಗೆ ನಾನು ಹೇಳಬೇಕಾಗಿಲ್ಲ. ಫ್ಯಾನ್‌ಗಳು ಆ ವರ್ಷ ರಜೆ ಹಾಕಿದ್ದವಾ?

ಇನ್ನೂ ಹಿಂದಕ್ಕೆ ಹೋಗಿ. ದುರ್ಗದ ಕೋಟೆಯ ಮೇಲೆ ಗೋಪಾಲಸ್ವಾಮಿ ಹೊಂಡ ತುಂಬಿದರೆ ಅಕ್ಕ-ತಂಗಿಯರ ಹೊಂಡಕ್ಕೆ, ಅಲ್ಲಿಂದ ಕೆಳಗೆ ಸಿಹಿನೀರು ಹೊಂಡಕ್ಕೆ, ಸಂತೆಹೊಂಡಕ್ಕೆ ನೀರು ಇಳಿಯುವ ಹಾಗೆ ಕಟ್ಟಿದರಲ್ಲ, ಮಳೆ ಧಾರಾಳವಾಗಿದ್ದ ಸೀಮೆಯಲ್ಲಿ ಯಾರಾದರೂ ಒಂದೊಂದು ಹನಿಗೂ ಇಷ್ಟು ಲೆಕ್ಕ ಇಡುತ್ತಾರಾ? ನಮ್ಮದು ಮೊದಲಿನಿಂದಲೂ ಮಳೆ ಕಡಿಮೆ ಇರುವ ನೆಲ. ಮುಂಗಾರು ಗಾಳಿ ಪಶ್ಚಿಮ ಘಟ್ಟ ಹತ್ತುವಾಗಲೇ ಹೊರೆ ಇಳಿಸುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಮೀರುವ ಮಳೆ, ಚಳ್ಳಕೆರೆಗೆ ಬರುವಷ್ಟರಲ್ಲಿ 500ರ ಆಸುಪಾಸು.

ಹಾಗಾದರೆ ಜನ ಕಣ್ಣಾರೆ ನೋಡಿದ್ದು ಸುಳ್ಳಾ? ನೋಡಿದ್ದು ಸುಳ್ಳಲ್ಲ, ಅದನ್ನು ತಲೆಕೆಳಗಾಗಿ ಅರ್ಥ ಮಾಡಿಕೊಂಡಿದ್ದಾರೆ. ಜೂನ್‌ನಿಂದ ಆಗಸ್ಟ್‌ವರೆಗೆ ನಮ್ಮಲ್ಲಿ ಪಡುವಣ ಗಾಳಿ ಜೋರು. ಆ ಗಾಳಿಗೆ ಮೋಡ ಓಡುತ್ತದೆ, ಅದೇ ಗಾಳಿಗೆ ರೆಕ್ಕೆಯೂ ತಿರುಗುತ್ತದೆ. ಮೋಡ ಓಡಿದ ದಿನವೆಲ್ಲ ಫ್ಯಾನ್ ಜೋರಾಗಿ ತಿರುಗುವುದು ಕಾಣುತ್ತದೆ, ಮಳೆ ಇರುವುದಿಲ್ಲ. ಕಂಪನಿಗಳು ನಮ್ಮ ಗುಡ್ಡ ಹುಡುಕಿಕೊಂಡು ಬಂದದ್ದೇ ಇಲ್ಲಿ ಗಾಳಿ ಜೋರಿದೆ ಅಂತ. ಗಾಳಿ ಮೊದಲು, ಫ್ಯಾನ್ ಆಮೇಲೆ.

ಪರಿಣಾಮ ಏನೂ ಇಲ್ಲ ಅಂತಲೂ ನಾನು ಹೇಳುತ್ತಿಲ್ಲ. ಅಮೆರಿಕದ ಟೆಕ್ಸಾಸ್‌ನಲ್ಲಿ ಸಾಲು ಸಾಲು ಯಂತ್ರ ಇರುವ ಕಡೆ ಉಪಗ್ರಹದಿಂದ ಅಳೆದು ನೋಡಿದ್ದಾರೆ. ರಾತ್ರಿ ಹೊತ್ತು ಅವುಗಳ ಆಸುಪಾಸಿನ ನೆಲ ಸ್ವಲ್ಪ ಬೆಚ್ಚಗಿರುತ್ತದೆ, ಯಾಕೆಂದರೆ ರೆಕ್ಕೆ ಮೇಲಿನ ಗಾಳಿಯನ್ನೂ ಕೆಳಗಿನ ಗಾಳಿಯನ್ನೂ ಕಲಸುತ್ತದೆ. ಗುಡ್ಡ ಕೊರೆದು ರಸ್ತೆ ಮಾಡಿದ್ದು, ಗೋಮಾಳದ ದಾರಿ ಮುಚ್ಚಿದ್ದು, ಜಮೀನಿನ ಬಾಡಿಗೆ, ಸದ್ದು, ಇವೆಲ್ಲ ನಿಜವಾದ ತಕರಾರುಗಳು. ಅವುಗಳ ಬಗ್ಗೆ ಜಗಳ ಆಡಿ, ನಾನೂ ಬರುತ್ತೇನೆ. ಮಳೆಯ ಕಥೆ ಹಿಡಿದುಕೊಂಡು ಹೋದರೆ ಕಂಪನಿಯವರು ನಕ್ಕು ಕಳಿಸುತ್ತಾರೆ, ನಿಜವಾದ ತಕರಾರೂ ಅದರ ಜೊತೆಗೇ ಬಿದ್ದುಹೋಗುತ್ತದೆ.

ಫ್ಯಾನ್ ಮಾತು ಬಂದದ್ದಕ್ಕೆ ಇನ್ನೊಂದು ವಿಷಯ. ಕುರಿ ಕಾಯುವವರು ಮಧ್ಯಾಹ್ನ ಆ ಕಂಬದ ಬುಡದಲ್ಲಿ ನೆರಳಿಗೆ ಕೂರುವುದನ್ನು ಎಷ್ಟೋ ಸಲ ನೋಡಿದ್ದೇನೆ. ನೆರಳು ಸರಿದ ಹಾಗೆ ಅವರೂ ಸರಿಯುತ್ತಾರೆ, ಕುರಿಗಳೂ ತಲೆ ತಗ್ಗಿಸಿ ಒಂದಕ್ಕೊಂದು ಒತ್ತಿಕೊಂಡು ಸರಿಯುತ್ತವೆ. ಬಿಸಿಲಿಗೆ ಸರಿ. ಆದರೆ ಗುಡುಗು ಶುರುವಾದ ಮೇಲೂ ಅಲ್ಲೇ ಕೂತರೆ? ರೆಕ್ಕೆಯಲ್ಲಿ ಸಿಡಿಲು ಹಿಡಿಯುವ ಲೋಹದ ಬಿಂದುಗಳಿರುತ್ತವೆ. ಸಿಡಿಲು ಅಲ್ಲಿಗೆ ಬಡಿದರೆ ಕಂಬದೊಳಗೆ ಇಳಿದು ಭೂಮಿಗೆ ಸೇರುತ್ತದೆ. ಯಂತ್ರ ಉಳಿಯುತ್ತದೆ. ಭೂಮಿಗೆ ಇಳಿದ ಕರೆಂಟ್ ಮಾತ್ರ ಬುಡದ ಸುತ್ತ ನೆಲದಲ್ಲಿ ಹರಡುತ್ತದೆ. ಬುಡದ ಹತ್ತಿರ ಕರೆಂಟಿನ ಒತ್ತಡ (ವೋಲ್ಟೇಜ್) ಜಾಸ್ತಿ, ದೂರ ಹೋದಂತೆ ಕಡಿಮೆ. ಕುರಿಯ ಮುಂಗಾಲು ಒಂದು ಕಡೆ, ಹಿಂಗಾಲು ಒಂದು ಕಡೆ ಇರುವುದರಿಂದ ಆ ವ್ಯತ್ಯಾಸಕ್ಕೆ ಕರೆಂಟ್ ಅದರ ಎದೆ ಹಾದು ಹೋಗುತ್ತದೆ. ಬೇವಿನ ಮರದ ಕೆಳಗೆ ಒಂದೇ ಸಿಡಿಲಿಗೆ ಇಪ್ಪತ್ತು ಮೂವತ್ತು ಕುರಿ ಸತ್ತ ಸುದ್ದಿ ಓದಿರುತ್ತೀರಲ್ಲ, ಎಲ್ಲಕ್ಕೂ ಸಿಡಿಲು ನೇರವಾಗಿ ಬಡಿದಿರುವುದಿಲ್ಲ. ಮನುಷ್ಯರಿಗೂ ಅದೇ. ಮಲಗುವುದು, ಕಾಲು ಅಗಲಿಸಿ ನಿಲ್ಲುವುದು ಬೇಡ.

ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸಿ, ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. ಮೂವತ್ತು ಎಣಿಸುವುದರೊಳಗೆ ಕೇಳಿದರೆ ಗುಡ್ಡ, ಒಂಟಿ ಮರ, ಕಂಬ, ತಂತಿಬೇಲಿ ಬಿಟ್ಟು ಪಕ್ಕಾ ಮನೆಗೋ, ಮುಚ್ಚಿದ ಬಸ್ಸಿಗೋ, ಕಾರಿಗೋ ಹೋಗಬೇಕು. ತಗಡಿನ ಶೆಡ್ಡು, ಹೊಲದ ಗುಡಿಸಲು ಲೆಕ್ಕಕ್ಕಿಲ್ಲ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವವರೆಗೆ ಹೊರಗೆ ಬರಬೇಡಿ. ರಸ್ತೆ ಮೇಲೆ ಭತ್ತ ಹರವಿದವರು ಟಾರ್ಪಾಲು ಮುಚ್ಚಲು ಗುಡುಗಿನ ನಡುವೆ ಓಡುತ್ತಾರೆ, ಹರಿಹರದ ಕಡೆ ಪ್ರತಿ ಮೇ ತಿಂಗಳೂ ಇದೇ ಕಥೆ. ಮಧ್ಯಾಹ್ನ ಮೂರಕ್ಕೇ ಮುಚ್ಚಿಬಿಡಿ, ಬಿಸಿಲು ಒಂದೆರಡು ಗಂಟೆ ಹೋದರೆ ಹೋಗಲಿ. 'ದಾಮಿನಿ' ಆಪ್ ಹಾಕಿಕೊಂಡರೆ ಸುತ್ತಲಿನ 20ರಿಂದ 40 ಕಿಲೋಮೀಟರಿನೊಳಗೆ ಸಿಡಿಲು ಬೀಳುತ್ತಿದ್ದರೆ ತೋರಿಸುತ್ತದೆ.

ಮೊಬೈಲ್ ಸಿಡಿಲು ಎಳೆಯುತ್ತಾ ಅಂತ ಈಗ ಕೇಳಬೇಡಿ. ಎಳೆಯುವುದಿಲ್ಲ. ಚಾರ್ಜಿಗೆ ಹಾಕಿದ ಫೋನ್ ಹಿಡಿದು ಮಾತಾಡಬೇಡಿ, ಅಷ್ಟೇ. ಕರೆಂಟ್ ಕಂಬಕ್ಕೆ ಬಡಿದ ಸಿಡಿಲು ತಂತಿ ಹಿಡಿದು ಮನೆಯೊಳಗಿನ ಪ್ಲಗ್ಗಿನವರೆಗೂ ಬರುತ್ತದೆ.