ಆಣೆ ಮಾಡಿಸಿ ಕರೆತರುವವರಿಗೆ

ಕುಡಿತ ಬಿಡಿಸಲೆಂದು ನಮ್ಮಲ್ಲಿಗೆ ಬರುವ ಕುಟುಂಬಗಳಲ್ಲಿ ಹೆಚ್ಚಿನವು ಆಸ್ಪತ್ರೆಗೆ ಮೊದಲು ದೇವಸ್ಥಾನಕ್ಕೆ ಹೋಗಿ ಬಂದಿರುತ್ತವೆ. ಅದಕ್ಕೆ ನನ್ನ ಆಕ್ಷೇಪವೇನೂ ಇಲ್ಲ. ನಂಬುವವರಿಗೆ ಅದು ದೊಡ್ಡ ಆಸರೆ. ಆದರೆ ಅಲ್ಲಿ ಮಾಡಿಸಿಕೊಂಡು ಬಂದ ಆಣೆಯಿಂದ ಒಳಿತಿಗಿಂತ ಕೆಡುಕೇ ಹೆಚ್ಚು ಎಂದು ಎಷ್ಟು ಹೇಳಿದರೂ ಜನ ಒಪ್ಪದಿರುವುದರಿಂದ, ಆ ವಿಚಾರವನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಧರ್ಮಸ್ಥಳದ ಮಂಜುನಾಥಸ್ವಾಮಿಯ ಮೇಲೆ ಇಟ್ಟ ಆಣೆಗೆ ನಮ್ಮ ನಾಡಿನಲ್ಲಿ ಎಂತಹ ತೂಕವಿದೆ ಎಂಬುದು ಎಲ್ಲರಿಗೂ ಗೊತ್ತು. ಆ ಭಯವೇ ಕುಡಿತ ಬಿಡಿಸುತ್ತದೆ ಎಂದು ಮನೆಯವರು ಎಣಿಸುತ್ತಾರೆ. ಮದ್ಯವ್ಯಸನದಲ್ಲಿ ಮರುಕಳಿಕೆ ಸಾಮಾನ್ಯ. ಜಾರಿದ ಮರುದಿನವೇ ಬಂದು ಹೇಳಿದರೆ ಔಷಧಿಯಿಂದ, ಮಾತುಕತೆಯಿಂದ ಬಹಳಷ್ಟನ್ನು ಸರಿಪಡಿಸಬಹುದು. ಆಣೆ ಮುರಿದವನು ಮಾತ್ರ ಹೇಳುವುದೇ ಇಲ್ಲ. ಹೆಂಡತಿಗೆ ಹೇಳಿದರೆ ಅವಳು ದೈವಕೋಪಕ್ಕೆ ಹೆದರುತ್ತಾಳೆ, ನಮಗೆ ಹೇಳಿದರೆ ಮನೆಗೆ ತಿಳಿಯುತ್ತದೆ ಎಂದು ಬಚ್ಚಿಟ್ಟು, ಆ ಅಪರಾಧಪ್ರಜ್ಞೆಯನ್ನು ತಾಳಲಾರದೆ ಮತ್ತೆ ಕುಡಿದು, ಕೊನೆಗೆ ಕಣ್ಣು ಹಳದಿಯಾದ ಮೇಲೆ ನಮ್ಮ ಮುಂದೆ ಬಂದು ಕೂರುತ್ತಾನೆ. ಹಾಸನದ ಕಡೆಯ ಒಬ್ಬ ಲಾರಿ ಚಾಲಕರಿಂದ ಮಗಳ ತಲೆಯ ಮೇಲೆ ಕೈ ಇಡಿಸಿ ಆಣೆ ಮಾಡಿಸಿದ್ದರು. ಅವರು ಮತ್ತೆ ಕುಡಿದ ವಾರದಲ್ಲೇ ಮಗುವಿಗೆ ಜ್ವರ ಬಂತು. ಮಕ್ಕಳ ವಾರ್ಡಿನ ಬಾಗಿಲವರೆಗೆ ಬಂದು ನಿಂತರೇ ಹೊರತು, ತಮ್ಮ ಕೈ ಸೋಕಿದರೆ ಜ್ವರ ಏರುತ್ತದೆಂಬ ಹೆದರಿಕೆಯಿಂದ ಒಳಗೆ ಕಾಲಿಡಲಿಲ್ಲ. ಅಷ್ಟು ಪ್ರೀತಿಸುವ ತಂದೆಯನ್ನು ಮಗುವಿನಿಂದ ದೂರ ನಿಲ್ಲಿಸಿದ್ದು ಆ ಆಣೆ.

ಹಾಗಾದರೆ ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗಳಲ್ಲೂ ದೇವರ ಹೆಸರು ಬರುತ್ತದಲ್ಲ, ಅದು ಹೇಗೆ ಬೇರೆ ಎಂದು ಕೇಳುತ್ತಾರೆ. ಅಮೆರಿಕದ ಆಕ್ರನ್ ನಗರದಲ್ಲಿ 1935ರಲ್ಲಿ ಇಬ್ಬರು ಕುಡುಕರು, ಒಬ್ಬರು ಷೇರು ವ್ಯವಹಾರದವರು, ಇನ್ನೊಬ್ಬರು ಶಸ್ತ್ರವೈದ್ಯರು, ಪರಸ್ಪರ ಮಾತನಾಡಿಕೊಂಡೇ ಕುಡಿತದಿಂದ ದೂರ ಉಳಿದದ್ದರಿಂದ ಹುಟ್ಟಿದ ಕೂಟವದು. ಅದರ ಬೇರು ಒಂದು ಕ್ರೈಸ್ತ ಚಳವಳಿಯಲ್ಲಿದ್ದರೂ, ಕುಡಿತ ಬಿಡಲು ಸದಸ್ಯರು ಪಾಲಿಸುವ ಹನ್ನೆರಡು ಹೆಜ್ಜೆಗಳನ್ನು 1939ರಲ್ಲಿ ಅಚ್ಚು ಹಾಕಿಸುವಾಗ, ನಾಸ್ತಿಕ ಸದಸ್ಯರ ಒತ್ತಾಯಕ್ಕೆ ಮಣಿದು, ದೇವರನ್ನು ಅವರವರು ಅರಿತಂತೆ ಎಂಬ ಮಾತನ್ನು ಸೇರಿಸಿದರು. ನನಗೆ ಪರಿಚಯವಿರುವ ಒಬ್ಬ ನಿವೃತ್ತ ಮೇಷ್ಟ್ರು ದೇವರನ್ನು ನಂಬದವರು. ವಾರದ ಸಭೆಯನ್ನೇ ತಮಗಿಂತ ಮಿಗಿಲಾದ ಶಕ್ತಿಯೆಂದು ಒಪ್ಪಿಕೊಂಡು ವರ್ಷಗಳಿಂದ ಚೆನ್ನಾಗಿದ್ದಾರೆ.

ಮುಖ್ಯವಾದ ವ್ಯತ್ಯಾಸ ಮೊದಲನೆಯ ಹೆಜ್ಜೆಯಲ್ಲೇ ಇದೆ. ಮದ್ಯದ ಮುಂದೆ ನನ್ನ ಬಲ ನಡೆಯುವುದಿಲ್ಲ ಎಂದು ಅಲ್ಲಿ ಒಪ್ಪಿಕೊಳ್ಳುತ್ತಾರೆ. ಆಣೆ ಇಡುವವನಾದರೋ ಜೀವಮಾನವಿಡೀ ನನ್ನ ಬಲದಿಂದಲೇ ತಡೆಯುತ್ತೇನೆ ಎಂದು ಘೋಷಿಸುತ್ತಾನೆ, ಅಂದರೆ ಕಾಯಿಲೆ ಯಾವ ಬಲವನ್ನು ಕಸಿದುಕೊಂಡಿದೆಯೋ ಅದನ್ನೇ ಅಡವಿಡುತ್ತಾನೆ. ಕೂಟದವರು ಜೀವಮಾನದ ಮಾತೇ ಆಡುವುದಿಲ್ಲ. ಇವತ್ತೊಂದು ದಿನ ಕುಡಿಯದಿದ್ದರೆ ಸಾಕು ಎನ್ನುತ್ತಾರೆ. ಜಾರಿದವನು ಮುಂದಿನ ಸಭೆಗೆ ಬಂದು ಹಾಗೆಂದು ಹೇಳಿದರೆ ಯಾರೂ ಹೊರಗೆ ಹಾಕುವುದಿಲ್ಲ, ಏಕೆಂದರೆ ಬಿಡಬೇಕೆಂಬ ಆಸೆಯೊಂದೇ ಅಲ್ಲಿನ ಸದಸ್ಯತ್ವಕ್ಕೆ ಬೇಕಾದ ಅರ್ಹತೆ. ಎಲ್ಲರಿಗೂ ಈ ಕ್ರಮ ಒಗ್ಗುತ್ತದೆಂದು ನಾನು ಹೇಳಲಾರೆ. ಆದರೂ ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ 2020ರ ಕಾಕ್ರನ್ ಪರಾಮರ್ಶೆಯ ಪ್ರಕಾರ, ರೋಗಿಯನ್ನು ಈ ಕೂಟಗಳಿಗೆ ಕ್ರಮಬದ್ಧವಾಗಿ ಜೋಡಿಸುವ ಚಿಕಿತ್ಸೆ, ಸತತವಾಗಿ ಕುಡಿಯದೆ ಉಳಿಯುವ ವಿಷಯದಲ್ಲಿ ಇತರ ಮನೋಚಿಕಿತ್ಸೆಗಳಿಗಿಂತ ಹೆಚ್ಚು ಫಲ ಕೊಟ್ಟಿದೆ.

ಅಯ್ಯಪ್ಪನ ಮಾಲೆ ಹಾಕಿದಾಗ ನಮ್ಮವರು 41 ದಿನ ಹನಿಯೂ ಮುಟ್ಟುವುದಿಲ್ಲವಲ್ಲ ಎಂಬ ಪ್ರಶ್ನೆಯೂ ಬರುತ್ತದೆ. ನಸುಕಿನ ತಣ್ಣೀರ ಸ್ನಾನ, ಸಂಜೆಯ ಭಜನೆ, ನೆರೆಹೊರೆಯವರೆಲ್ಲ ಸ್ವಾಮಿ ಎಂದು ಕರೆಯುವ ಗೌರವ, ಕುಡಿಯದ ಸಂಗಾತಿಗಳು, ಇಷ್ಟೂ ಸೇರಿ ಅವರನ್ನು ಹಿಡಿದಿಡುತ್ತವೆ. ಮಾಲೆ ತೆಗೆದ ದಿನ ಇವೆಲ್ಲ ಒಟ್ಟಿಗೆ ಹೋಗುತ್ತವೆ. ಭಜನೆಯನ್ನಾದರೂ ಮುಂದುವರಿಸಿ ಎಂದು ನಾನು ಹೇಳುತ್ತೇನೆ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರು ಊರೂರಲ್ಲಿ ನಡೆಸುವ ಮದ್ಯವರ್ಜನ ಶಿಬಿರಗಳ ನಂತರವೂ, ಕುಡಿತ ಬಿಟ್ಟವರು ಸೇರುವ ನವಜೀವನ ಸಮಿತಿಗಳಿರುತ್ತವೆ. ಶಿಬಿರವನ್ನು ನೆನಪಿಡುವವರು ಅವುಗಳನ್ನು ಮರೆಯಬಾರದು.

ಒಂದು ಎಚ್ಚರಿಕೆ: ದಿನವೂ ವಿಪರೀತ ಕುಡಿಯುವವರು ವೈದ್ಯರನ್ನು ಕಾಣದೆ ಮಾಲೆ ಹಾಕಿಕೊಂಡು ಒಮ್ಮೆಲೇ ನಿಲ್ಲಿಸಬಾರದು. ಮೊದಲೆರಡು ದಿನಗಳಲ್ಲಿ ಫಿಟ್ಸ್ ಬರಬಹುದು; ಎರಡು ಮೂರು ದಿನಗಳಾದ ಮೇಲೆ ಕೈ ನಡುಗಿ, ಬೆವರಿ, ಗೋಡೆಯ ಮೇಲೆ ಇಲ್ಲದ ಹುಳುಗಳನ್ನು ಹೆಕ್ಕತೊಡಗಬಹುದು. ಅದನ್ನು ಸ್ವಾಮಿ ಮೈಮೇಲೆ ಬಂದಿದ್ದಾನೆಂದು ತಿಳಿದು ಕರ್ಪೂರ ಹಚ್ಚುತ್ತಾ ಕೂತರೆ ಪ್ರಾಣವೇ ಹೋದೀತು.

ಆಣೆ ಈಗಾಗಲೇ ಆಗಿಹೋಗಿದ್ದರೆ ಅದಕ್ಕೂ ನಮ್ಮ ಹಿರಿಯರು ದಾರಿ ಇಟ್ಟಿದ್ದಾರೆ. ಆ ಚಾಲಕರ ತಾಯಿ ಹಳದಿ ಬಟ್ಟೆಯಲ್ಲಿ ತಪ್ಪುಕಾಣಿಕೆ ಕಟ್ಟಿ ದೇವರ ಮುಂದಿಟ್ಟ ಮೇಲೆಯೇ ಅವರು ಬಾಯಿಬಿಟ್ಟು ಮಾತನಾಡಿದ್ದು. ನೀವೂ ಹಾಗೆ ಕಟ್ಟಿಡಿ, ಆದರೆ ಅದನ್ನು ಕ್ಷೇತ್ರಕ್ಕೆ ಒಪ್ಪಿಸಿ ಬರುವವರೆಗೆ ಕಾಯದೆ, ಅದೇ ದಿನ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಬನ್ನಿ.