ಕೋಳಿಮರಿಗೆ ಬಿಸಿ ಬೇಕು, ನಿಜ. ಗಾಳಿ ಬೇಡ ಅಂದವರು ಯಾರು?

ಬೆಳಗ್ಗೆ ಆರು ಗಂಟೆ. ಶೆಡ್ಡಿನ ಬಾಗಿಲು ತೆಗೆದು ಎರಡು ಹೆಜ್ಜೆ ಒಳಗಿಟ್ಟೆ. ಕಣ್ಣಲ್ಲಿ ಬಳಬಳ ನೀರು ಬಂತು. ಗಂಟಲು ಕೆರೆಯತೊಡಗಿತು. ಹಿಂದೆಯೇ ಬರುತ್ತಿದ್ದ ಮಾಲೀಕರನ್ನು ಕೇಳಿದೆ, "ಏನ್ರೀ ಇದು, ಇಷ್ಟೊಂದು ಘಾಟು?" ಅವರು ಒಮ್ಮೆ ಮೂಗೆಳೆದು ನೋಡಿದರು. "ಘಾಟಾ? ಏನೂ ಇಲ್ಲವಲ್ಲ ಡಾಕ್ಟ್ರೇ" ಅಂದರು.

ಅವರು ಸುಳ್ಳು ಹೇಳಲಿಲ್ಲ. ರಾತ್ರಿಯಿಡೀ ಅದೇ ಶೆಡ್ಡಿನ ಮೂಲೆಯಲ್ಲಿ ಮಂಚ ಹಾಕಿಕೊಂಡು ಮಲಗಿದ್ದವರು. (ಶೆಡ್ಡಿನೊಳಗೆ ಮಲಗಬಾರದು ಅಂತ ನೂರು ಸಲ ಹೇಳಿದ್ದೇನೆ, ಅದು ಬೇರೆ ವಿಷಯ.) ಮನುಷ್ಯರ ಮೂಗು ಅಮೋನಿಯಾಕ್ಕೆ ಬೇಗ ಒಗ್ಗಿಕೊಳ್ಳುತ್ತದೆ. ಸ್ವಲ್ಪ ಹೊತ್ತು ಕಳೆದರೆ ವಾಸನೆಯೇ ಗೊತ್ತಾಗುವುದಿಲ್ಲ. ಮರಿಯ ಗಂಟಲಿಗೆ ಆ ಭಾಗ್ಯ ಇಲ್ಲ.

ಹದಿನಾರು ದಿನದ ಮರಿಗಳು. ನಾಲ್ಕೂ ಕಡೆ ಟಾರ್ಪಾಲಿನ ಪರದೆ ಬಿಗಿದಿತ್ತು. ಟಾರ್ಪಾಲು ಮುಟ್ಟದ ಸಂದಿಗಳಿಗೆ ಗೋಣಿಚೀಲ ತುರುಕಿದ್ದರು. ಚಾವಣಿಯ ಶೀಟಿನ ಒಳಮೈಯಲ್ಲಿ ನೀರಹನಿಗಳು ಸಾಲಾಗಿ ನಿಂತು ಒಂದೊಂದಾಗಿ ಕೆಳಗೆ ತೊಟ್ಟಿಕ್ಕುತ್ತಿದ್ದವು. ಡ್ರಿಂಕರಿನ (ನೀರು ಕುಡಿಸುವ ಪಾತ್ರೆ) ಸುತ್ತ ಲಿಟರ್, ಅಂದರೆ ನೆಲಕ್ಕೆ ಹಾಸಿದ ಹೊಟ್ಟು, ಕಪ್ಪಾಗಿ, ಹಪ್ಪಳದಂತೆ ಗಟ್ಟಿಯಾಗಿತ್ತು. ಕಿವಿಗೊಟ್ಟರೆ ಅಲ್ಲಲ್ಲಿ ಗೊರಗೊರ ಸದ್ದು. ಮಾಲೀಕರ ಕೈಯಲ್ಲಿ ಮೂರು ಖಾಲಿ ಔಷಧಿ ಬಾಟಲಿ. "ಮೂರೂ ಹಾಕಿ ಆಯ್ತು, ನಾಲ್ಕನೆಯದು ಬರೆದುಕೊಡಿ."

ಈ ನಾಲ್ಕನೆಯ ಔಷಧಿಯ ಮಾತು ಪ್ರತಿ ಚಳಿಗಾಲವೂ ಬರುತ್ತದೆ. ಫಾರ್ಮ್ ಬೇರೆ, ಮಾಲೀಕರು ಬೇರೆ, ಶೆಡ್ ಮಾತ್ರ ಅದೇ. ಅದಕ್ಕೇ ಇವತ್ತು ಇದೊಂದನ್ನೇ ಬರೆಯುತ್ತೇನೆ. ಬ್ರೂಡರ್ (ಮರಿಗಳಿಗೆ ಬಿಸಿ ಕೊಡುವ ಸಾಧನ) ಎಷ್ಟು ಎತ್ತರದಲ್ಲಿರಬೇಕು, ಮೊದಲ ದಿನ ಎಷ್ಟು ಫೀಡ್ ಟ್ರೇ ಇಡಬೇಕು, ಇವೆಲ್ಲ ನಿಮಗೆ ಗೊತ್ತು. ಮೊದಲ ದಿನಗಳಲ್ಲಿ 32ರಿಂದ 34 ಡಿಗ್ರಿ, ಆಮೇಲೆ ವಾರಕ್ಕೆ ಎರಡು ಮೂರು ಡಿಗ್ರಿ ಇಳಿಸಬೇಕು ಅನ್ನುವುದೂ ಬಾಯಿಪಾಠ ಆಗಿದೆ. ತೊಂದರೆ ಇರುವುದು ಅಲ್ಲೇ. ಮರಿಗೆ ಚಳಿ ಆಗಬಾರದು ಅನ್ನೋ ಪಾಠವನ್ನು ಎಷ್ಟು ಚೆನ್ನಾಗಿ ಕಲಿತಿದ್ದಾರೆ ಅಂದರೆ, ಮರಿ ಉಸಿರಾಡುತ್ತದೆ ಅನ್ನುವುದೇ ಮರೆತುಹೋಗಿದೆ.

ಒಂದು ಲೆಕ್ಕ ಹೇಳುತ್ತೇನೆ. ಮೂರು ವಾರ ದಾಟಿದ ಸಾವಿರ ಕೋಳಿ ದಿನಕ್ಕೆ ಹೆಚ್ಚುಕಡಿಮೆ 100 ಕೆಜಿ ಫೀಡ್ ತಿನ್ನುತ್ತವೆ ಅಂತ ಇಟ್ಟುಕೊಳ್ಳಿ. ತಿಂದದ್ದರ ಒಂದೂಮುಕ್ಕಾಲು ಪಟ್ಟಿನಷ್ಟು ನೀರು ಕುಡಿಯುತ್ತವೆ, ಅಂದರೆ ಸುಮಾರು 175 ಲೀಟರ್. ಅದರಲ್ಲಿ ಮೈಗೆ ಹತ್ತುವುದು ಐದರಲ್ಲೊಂದು ಭಾಗ. ಉಳಿದ 140 ಲೀಟರ್ ಎಲ್ಲಿ ಹೋಯಿತು? ಸ್ವಲ್ಪ ಉಸಿರಿನಲ್ಲಿ, ಉಳಿದದ್ದು ಹಿಕ್ಕೆಯಲ್ಲಿ. ಒಟ್ಟಿನಲ್ಲಿ ಶೆಡ್ಡಿನೊಳಗೇ ಇದೆ. 20 ಲೀಟರಿನ ಏಳು ಕ್ಯಾನ್ ನೀರನ್ನು ದಿನವೂ ಲಿಟರ್ ಮೇಲೆ ಸುರಿಯಿರಿ ಅಂದರೆ ನನ್ನನ್ನು ಹುಚ್ಚ ಅನ್ನುತ್ತೀರಿ. ಪರದೆ ಪೂರ್ತಿ ಮುಚ್ಚಿದವರು ಮಾಡುತ್ತಿರುವುದು ಅದನ್ನೇ. ಜೊತೆಗೆ ಗ್ಯಾಸ್ ಬ್ರೂಡರ್ ಇದ್ದರೆ ಇನ್ನೊಂದು ಬಾಬತ್ತು ಸೇರುತ್ತದೆ. 1 ಕೆಜಿ ಗ್ಯಾಸ್ ಉರಿದರೆ ಒಂದೂವರೆ ಕೆಜಿಗಿಂತ ಜಾಸ್ತಿ ನೀರಿನ ಆವಿ ಹುಟ್ಟುತ್ತದೆ. ಬೆಂಕಿಯಿಂದ ನೀರಾ ಅಂತ ನಗಬೇಡಿ, ಅದು ರಸಾಯನಶಾಸ್ತ್ರ. ಚಾವಣಿಯಿಂದ ತೊಟ್ಟಿಕ್ಕುವ ಹನಿಯಲ್ಲಿ ಅದರ ಪಾಲೂ ಇದೆ.

ಇಷ್ಟು ಹೇಳಿದ ಮೇಲೆ ಎಲ್ಲರೂ ಒಂದೇ ಪ್ರಶ್ನೆ ಕೇಳುತ್ತಾರೆ. "ಹೊರಗೆ ಮಂಜು ಸುರೀತಿದೆ. ಪರದೆ ತೆಗೆದರೆ ಥಂಡಿ ಒಳಗೆ ಬಂದು ಲಿಟರ್ ಇನ್ನೂ ಒದ್ದೆ ಆಗಲ್ವಾ?"

ಆಗುವುದಿಲ್ಲ. ದಯವಿಟ್ಟು ಈ ಮಾತನ್ನು ನಿಧಾನವಾಗಿ ಓದಿ, ಯಾಕಂದ್ರೆ ಎಲ್ಲರೂ ಎಡವುವುದು ಇಲ್ಲೇ. ತಣ್ಣನೆಯ ಗಾಳಿ ಸಣ್ಣ ಚೊಂಬು, ಬೆಚ್ಚಗಿನ ಗಾಳಿ ದೊಡ್ಡ ಬಿಂದಿಗೆ. 15 ಡಿಗ್ರಿಯಲ್ಲಿ ಮಂಜು ಕವಿದು ತುಂಬಿತುಳುಕುವ ಗಾಳಿಯಲ್ಲೂ ಒಂದು ಘನ ಮೀಟರಿಗೆ ಇರುವ ಆವಿ ಸುಮಾರು 13 ಗ್ರಾಂ. ಮಂಜಿನ ಹನಿಗಳದ್ದು ಅದರ ಮೇಲೆ ಒಂಚೂರು, ಅಷ್ಟೇ. ಅದೇ ಗಾಳಿ ಒಳಗೆ ಬಂದು 30 ಡಿಗ್ರಿಗೆ ಬೆಚ್ಚಗಾದರೆ ಸುಮಾರು 30 ಗ್ರಾಂ ಹೊರಬಲ್ಲದು. ಅಂದರೆ ಮಂಜಿನ ಗಾಳಿ ಒಳಗೆ ಬಂದು ಬಿಸಿಯಾದ ಕೂಡಲೇ ಬಾಯಾರಿದ ಗಾಳಿ ಆಗುತ್ತದೆ. ಲಿಟರಿನ ತೇವ ಹೀರುತ್ತದೆ, ಹೊತ್ತುಕೊಂಡು ಮೇಲಿನ ಕಂಡಿಯಿಂದ ಹೊರಗೆ ಹೋಗುತ್ತದೆ. ಮುಚ್ಚಿದ ಶೆಡ್ಡಿನ ಗಾಳಿಗೆ ಹೊರುವ ಜಾಗವೇ ಉಳಿದಿಲ್ಲ. ಬೆಚ್ಚಗಿದ್ದೂ ಅದು ತುಂಬಿದ ಬಿಂದಿಗೆ. ಒಣಗಿಸಲಾರದು.

ಹಾಗಾದರೆ ಬಿಸಿ ಕಡಿಮೆ ಆಗುವುದಿಲ್ಲವೇ? ಒಂದಿಷ್ಟು ಆಗುತ್ತದೆ. ಅದಕ್ಕೆ ಬ್ರೂಡರ್ ಹೆಚ್ಚಿಸಬೇಕು, ಇಂಧನ ಸ್ವಲ್ಪ ಜಾಸ್ತಿ ಉರಿಯುತ್ತದೆ. ಬಿಸಿ ಕೊಡುವುದು ಬ್ರೂಡರಿನ ಕೆಲಸ, ಪರದೆಯದ್ದಲ್ಲ. ಇಂಧನದಲ್ಲಿ ಉಳಿಸಿದ್ದನ್ನು ಔಷಧಿಗೂ ಫೀಡಿಗೂ ಕಟ್ಟಿದವರ ಲೆಕ್ಕದ ಪುಸ್ತಕ ನಾನು ಬೇಕಾದಷ್ಟು ನೋಡಿದ್ದೇನೆ.

ಒದ್ದೆ ಲಿಟರಿನಿಂದ ಏನೇನು ಶುರುವಾಗುತ್ತದೆ ಅಂತ ಗೊತ್ತಿದ್ದವರಿಗೂ ಅದರ ಕೊಂಡಿ ಸರಿಯಾಗಿ ಗೊತ್ತಿರುವುದಿಲ್ಲ. ಹಿಕ್ಕೆಯಲ್ಲಿರುವ ಯೂರಿಕ್ ಆಮ್ಲವನ್ನು ಬ್ಯಾಕ್ಟೀರಿಯಾಗಳು ಒಡೆದು ಅಮೋನಿಯಾ ಮಾಡುತ್ತವೆ. ಅವಕ್ಕೆ ಬೇಕಾದದ್ದು ತೇವ ಮತ್ತು ಬಿಸಿ. ಎರಡೂ ರೆಡಿ ಇದೆ. ಮರಿಯ ಶ್ವಾಸನಾಳದ ಒಳಗೆ ಕಣ್ಣಿಗೆ ಕಾಣದ ಸಣ್ಣ ರೋಮಗಳಿವೆ. ಧೂಳು, ರೋಗಾಣುಗಳನ್ನು ಪೊರಕೆಯಂತೆ ಮೇಲಕ್ಕೆ ಗುಡಿಸುವುದು ಅವುಗಳ ಕೆಲಸ. ಅಮೋನಿಯಾ ಮೊದಲು ಸುಡುವುದು ಅವನ್ನೇ. ಪೊರಕೆ ಹೋದ ಮೇಲೆ ಇ-ಕೋಲಿ ಬ್ಯಾಕ್ಟೀರಿಯಾ ಸಲೀಸಾಗಿ ಶ್ವಾಸಕೋಶಕ್ಕೆ ಅಂಟಿಕೊಂಡ ಗಾಳಿಚೀಲಕ್ಕೆ ಇಳಿಯುತ್ತದೆ. ಅದೇ ಹೊತ್ತಿಗೆ ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆ ಹಾಕಿದ್ದರಂತೂ ಮುಗಿದೇ ಹೋಯಿತು. ಕೆಲವೇ ದಿನಗಳಲ್ಲಿ ಕಡಿಮೆ ಆಗಬೇಕಾದ ಲಸಿಕೆಯ ಸೀನು ವಾರಗಟ್ಟಲೆ ನಿಲ್ಲುತ್ತದೆ. "ಲಸಿಕೆ ಸರಿ ಇಲ್ಲ" ಅನ್ನುತ್ತಾರೆ. ಲಸಿಕೆ ಪಾಪ ಏನು ಮಾಡೀತು.

ಇನ್ನು ಹೊಟ್ಟೆಯಲ್ಲಿ ನೀರು ತುಂಬಿ ಸಾಯುವ ಕೋಳಿ. ಇದನ್ನು ಅರ್ಥ ಮಾಡಿಕೊಳ್ಳಲು ಬ್ರಾಯ್ಲರ್ ಎಂಥ ಜೀವ ಅಂತ ತಿಳಿದಿರಬೇಕು. ಬಸ್ಸಿನಲ್ಲಿ ಪಕ್ಕ ಕೂತವರಿಗೆ ನನ್ನ ಕೆಲಸ ಗೊತ್ತಾದ ತಕ್ಷಣ ಕೇಳುವುದು ಒಂದೇ, "ಹಾರ್ಮೋನ್ ಇಂಜೆಕ್ಷನ್ ಕೊಟ್ಟು ಬೆಳೆಸ್ತಾರಂತಲ್ಲ?" ಅಲ್ಲ ಸ್ವಾಮಿ. ತಳಿ ಆರಿಸಿ ಆರಿಸಿ ಬೆಳೆಸಿದ್ದು. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು 1957ರ ತಳಿಯನ್ನೂ 2005ರ ತಳಿಯನ್ನೂ ಒಂದೇ ಥರದ ಫೀಡ್ ಹಾಕಿ ಬೆಳೆಸಿ 2014ರಲ್ಲಿ ಲೆಕ್ಕ ಪ್ರಕಟಿಸಿದರು. 56 ದಿನಕ್ಕೆ ಹಳೆಯದು ಸುಮಾರು 900 ಗ್ರಾಂ, ಹೊಸದು 4.2 ಕೆಜಿ. ಮೈ ಹೀಗೆ ಬೆಳೆಯಿತು, ಹೃದಯ ಮತ್ತು ಶ್ವಾಸಕೋಶ ಅದೇ ವೇಗದಲ್ಲಿ ಬೆಳೆಯಲಿಲ್ಲ. ಹಾಗಾಗಿ ಈ ಕೋಳಿಗೆ ಆಮ್ಲಜನಕದ ಬಾಬ್ತಿನಲ್ಲಿ ಕೈ ಯಾವಾಗಲೂ ಬಿಗಿ. ಶೆಡ್ ಮುಚ್ಚಿದರೆ ಹೃದಯದ ಬಲಭಾಗ ದುಡಿದು ದುಡಿದು ಸೋಲುತ್ತದೆ, ರಕ್ತದ ನೀರಿನಂಶ ಹೊಟ್ಟೆಗೆ ಸೋರುತ್ತದೆ. ನೀವು ಕಾಣುವುದು ನಾಲ್ಕನೆಯ, ಐದನೆಯ ವಾರದಲ್ಲಿ, ಅದೂ ಚೆನ್ನಾಗಿ ತೂಕ ಬಂದ ಕೋಳಿಯಲ್ಲಿ. ಬೀಜ ಬಿದ್ದದ್ದು ಮೊದಲ ಎರಡು ವಾರ ಪರದೆ ಬಿಗಿದಾಗ. ಆಗ ಔಷಧಿ ಕೇಳಿದರೆ ನಾನು ಏನು ಕೊಡಲಿ?

ಬೈದದ್ದು ಸಾಕು. ನನ್ನದೂ ಒಂದು ಕಥೆ ಇದೆ.

ಕೆಲಸ ಶುರು ಮಾಡಿದ ಹೊಸತು. ಒಂದು ಫಾರ್ಮಿನಲ್ಲಿ ಸಾಲಾಗಿ ಮೂರು ಬ್ಯಾಚ್, ಇಪ್ಪತ್ತನೆಯ ದಿನದ ಆಸುಪಾಸಿನಲ್ಲಿ ಗೊರಗೊರ. ನಾನು ಮೂರು ಸಲವೂ ಹೋದೆ, ಸತ್ತ ಕೋಳಿ ಕೊಯ್ದು ನೋಡಿದೆ, ಗಾಳಿಚೀಲದಲ್ಲಿ ಮೊಸರಿನಂಥ ಕೀವು ಕಂಡೆ, ಆಂಟಿಬಯಾಟಿಕ್ ಬರೆದೆ. ಎರಡು ದಿನ ಕಡಿಮೆ, ಮತ್ತೆ ಅದೇ ರಾಗ. ಮೂರನೆಯ ಸಲ ಹೋದಾಗ ಮಾಲೀಕರ ಮಗ, ಎಂಟು ವರ್ಷದ ಹುಡುಗ, ಶೆಡ್ಡಿನ ಹೊರಗೆ ನಿಂತಿದ್ದ. "ಒಳಗೆ ಬಾರೋ" ಅಂದೆ. "ಈಗ ಬರ್ತೀನಿ ಅಂಕಲ್, ರಾತ್ರಿ ಮಾತ್ರ ಬರಲ್ಲ. ಕಣ್ಣು ಉರಿಯುತ್ತೆ" ಅಂದ.

ನಾನು ಮೂರು ಸಲವೂ ಹೋಗಿದ್ದು ಬೆಳಗ್ಗೆ ಹನ್ನೊಂದಕ್ಕೆ. ಆ ಹೊತ್ತಿಗೆ ಪರದೆ ಎಲ್ಲ ತೆರೆದು ಶೆಡ್ ಘಮಘಮ ಅನ್ನದಿದ್ದರೂ ಸಹಿಸುವಂತಿರುತ್ತಿತ್ತು. ರಾತ್ರಿ ಹತ್ತು ಗಂಟೆ ಕಾಲ ಅದೇ ಶೆಡ್ ಡಬ್ಬಿಯಂತೆ ಮುಚ್ಚಿರುತ್ತಿತ್ತು. ಎಂಟು ವರ್ಷದವನಿಗೆ ಗೊತ್ತಿದ್ದದ್ದು ನನಗೆ ಗೊತ್ತಿರಲಿಲ್ಲ. ಅವತ್ತಿನಿಂದ ನಾನು ನಸುಕಿನಲ್ಲೇ ಹೋಗುತ್ತೇನೆ, ಪರದೆ ತೆರೆಯುವ ಮೊದಲೇ. ಜನ ಬೈದುಕೊಳ್ಳುತ್ತಾರೆ.

ಈಗ ಪರದೆಯ ವಿಷಯ. ಅರ್ಧಕ್ಕರ್ಧ ಫಾರ್ಮುಗಳಲ್ಲಿ ಪರದೆ ಕಟ್ಟಿರುವುದೇ ತಲೆಕೆಳಗಾಗಿ. ಮೇಲೆ ಮೊಳೆ ಹೊಡೆದು, ಕೆಳಗಿನಿಂದ ಸುತ್ತಿ ಎತ್ತುತ್ತಾರೆ. ಹಾಗೆ ಎತ್ತಿದರೆ ಥಂಡಿಗಾಳಿ ನೇರ ಮರಿಗಳ ಮೈಗೇ ಬಡಿಯುತ್ತದೆ. ಮರಿಗಳು ಮೂಲೆಗೆ ಗುಂಪುಕಟ್ಟುತ್ತವೆ, ಮಾಲೀಕರು ಗಾಬರಿಯಾಗಿ ಮತ್ತೆ ಮುಚ್ಚುತ್ತಾರೆ. "ನಿಮ್ಮ ಮಾತು ಕೇಳಿ ಹಿಂಗಾಯ್ತು" ಅನ್ನುತ್ತಾರೆ. ಪರದೆಯ ಬುಡವನ್ನು ಕೆಳಗೋಡೆಗೆ ಬಿಗಿಯಬೇಕು, ಹಗ್ಗ ರಾಟೆಯಿಂದ ಮೇಲಕ್ಕೆ ಎಳೆಯುವಂತಿರಬೇಕು. ಆಗ ಪೂರ್ತಿ ಎಳೆದ ಮೇಲೂ ಚಾವಣಿಯ ಕೆಳಗೆ ಒಂದು ಒಂದೂವರೆ ಅಡಿ ಕಂಡಿ ಉಳಿಸಬಹುದು. ತಣ್ಣನೆಯ ಗಾಳಿ ಮೇಲಿನಿಂದ ಬಂದು, ಅಲ್ಲಿ ಸೇರಿರುವ ಬಿಸಿಗಾಳಿಯ ಜೊತೆ ಬೆರೆತು, ಬೆಚ್ಚಗಾಗಿ ಕೆಳಗಿಳಿಯುತ್ತದೆ. ಗಾಳಿ ಬೀಸುವ ಕಡೆ ಕಂಡಿ ಕಿರಿದು, ಎದುರು ಕಡೆ ಅಗಲ. ಫ್ಯಾನ್ ಇರುವವರು ಐದು ಅಥವಾ ಹತ್ತು ನಿಮಿಷಕ್ಕೊಮ್ಮೆ ಸ್ವಲ್ಪ ಹೊತ್ತು ಓಡುವಂತೆ ಟೈಮರ್ ಹಾಕಿಕೊಂಡರೆ ಆಯಿತು.

ಒಂದೇ ದಿನಕ್ಕೆ ಎಲ್ಲ ತೆರೆಯಲು ಹೋಗಬೇಡಿ, ಅದೂ ಮೊದಲ ವಾರದ ಮರಿಗೆ. ಕಂಡಿ ಎಷ್ಟು ಅನ್ನುವುದು ಶೆಡ್ಡಿನ ಅಗಲ, ಮರಿಯ ವಯಸ್ಸು, ಹೊರಗಿನ ಗಾಳಿ ನೋಡಿ ಹೇಳಬೇಕಾದದ್ದು. ಇಲ್ಲಿ ಕೂತು ನಾನು ಇಂಚಿನ ಲೆಕ್ಕ ಕೊಡುವುದಿಲ್ಲ. ಆದರೆ ನೀವೇ ಪರೀಕ್ಷೆ ಮಾಡಬಹುದು. ನಸುಕಿನಲ್ಲಿ ಹೊರಗೆ ಹತ್ತು ನಿಮಿಷ ಅಡ್ಡಾಡಿ, ಮೂಗು ತಿಳಿಯಾದ ಮೇಲೆ ಒಳಗೆ ಹೋಗಿ. ನಿಂತುಕೊಂಡಲ್ಲ, ಕುಕ್ಕರುಗಾಲಿನಲ್ಲಿ ಕೂತು ಮರಿಯ ಎತ್ತರದಲ್ಲಿ ಉಸಿರೆಳೆಯಿರಿ. ಐರೋಪ್ಯ ಒಕ್ಕೂಟದ 2007ರ ನಿಯಮದಲ್ಲೂ ಒತ್ತಾಗಿ ಕೋಳಿ ಬಿಡುವ ಶೆಡ್ಡಿಗೆ ಅಮೋನಿಯಾದ 20 ಪಿಪಿಎಂ (ಹತ್ತು ಲಕ್ಷ ಪಾಲು ಗಾಳಿಯಲ್ಲಿ 20 ಪಾಲು) ಮಿತಿ ಹೇಳಿರುವುದು ಕೋಳಿಯ ತಲೆಯ ಎತ್ತರದಲ್ಲಿ. ಕಣ್ಣು ಉರಿಯಿತು ಅಂದರೆ ಆ ಮಿತಿ ಯಾವಾಗಲೋ ದಾಟಿದೆ. ಆಮೇಲೆ ಒಂದು ಹಿಡಿ ಲಿಟರ್ ತೆಗೆದು ಅದುಮಿ. ಕೈ ಬಿಚ್ಚಿದಾಗ ಉಂಡೆ ಹಾಗೇ ನಿಂತರೆ ಒದ್ದೆ. ಸಡಿಲವಾಗಿ ಉದುರಿದರೆ ಸರಿ.

ಒದ್ದೆ ಲಿಟರಿಗೆ ಸುಣ್ಣ ಎರಚುವವರಿಗೆ ಒಂದು ಮಾತು. ಸುಣ್ಣ ಕ್ಷಾರ. ಕ್ಷಾರ ಹೆಚ್ಚಾದಷ್ಟೂ ಲಿಟರಿನಲ್ಲಿರುವ ಅಮೋನಿಯಾ ಗಾಳಿಗೆ ಏಳುತ್ತದೆ. ಮರಿಗಳು ಒಳಗಿರುವಾಗ ಅದನ್ನು ಮಾಡಬೇಡಿ. ಹಪ್ಪಳಗಟ್ಟಿದ್ದನ್ನು ಎತ್ತಿ ಹೊರಗೆ ಹಾಕಿ, ಒಣ ಹೊಟ್ಟು ಸೇರಿಸಿ, ಸೋರುವ ಡ್ರಿಂಕರ್ ರಿಪೇರಿ ಮಾಡಿಸಿ.

ಗೊರಗೊರ ಅಂದದ್ದೆಲ್ಲ ಗಾಳಿಯ ದೋಷ ಅಂತ ನಾನು ಹೇಳುತ್ತಿಲ್ಲ. ಕೊಕ್ಕರೆ ರೋಗ ಇರಬಹುದು, ಬ್ರಾಂಕೈಟಿಸ್ ಇರಬಹುದು. ಒಮ್ಮೆಲೇ ಸಾವು ಏರಿದರೆ, ಕತ್ತು ತಿರುಚಿಕೊಂಡರೆ, ತಲೆ ಊದಿದರೆ ಪರದೆಯ ಜೊತೆ ಆಟವಾಡುತ್ತ ಕೂರಬೇಡಿ. ತಕ್ಷಣ ಪಶುವೈದ್ಯರನ್ನು ಕರೆಸಿ, ಸತ್ತವನ್ನು ಎಲ್ಲೆಂದರಲ್ಲಿ ಎಸೆಯಬೇಡಿ. ಆಂಟಿಬಯಾಟಿಕ್ ಬೇಕಾದ ಸಂದರ್ಭವೂ ಇರುತ್ತದೆ, ನಾನೂ ಬರೆಯುತ್ತೇನೆ. ಬಾಟಲಿಯ ಮೇಲೆ ಬರೆದ ವಿತ್‌ಡ್ರಾಯಲ್ ದಿನಗಳು (ಔಷಧಿ ನಿಲ್ಲಿಸಿದ ಮೇಲೆ ಕಾಯಬೇಕಾದ ದಿನಗಳು) ಮುಗಿಯದೆ ಕೋಳಿ ಮಾರುವಂತಿಲ್ಲ, ಅಷ್ಟೇ.

ಆವತ್ತಿನ ಫಾರ್ಮಿನಲ್ಲಿ ನಾಲ್ಕನೆಯ ಬಾಟಲಿ ಬರೆಯಲಿಲ್ಲ. ಗೋಣಿಚೀಲ ಕಿತ್ತು, ಮೇಲೆ ಅರ್ಧ ಅಡಿ ಕಂಡಿ ಬಿಡಿಸಿ, ಎರಡು ಬ್ರೂಡರ್ ಹೆಚ್ಚಿಗೆ ಹಚ್ಚಿಸಿ ಬಂದೆ. ರಾತ್ರಿ ಎರಡಕ್ಕೆ ಫೋನ್. "ಡಾಕ್ಟ್ರೇ, ಒಂದೂವರೆ ಡಿಗ್ರಿ ಇಳೀತು. ಮುಚ್ಚಲಾ?"

"ಮರಿಗಳು ಏನ್ ಮಾಡ್ತಿವೆ?"

ಸ್ವಲ್ಪ ಹೊತ್ತು ಸದ್ದಿಲ್ಲ. ಟಾರ್ಚ್ ಹಾಕಿ ನೋಡಿದರು ಅಂತ ಕಾಣುತ್ತದೆ. "ಅಲ್ಲಲ್ಲೇ ಹರಡಿಕೊಂಡು ಮಲಗಿವೆ."

ಮುಚ್ಚಬೇಡಿ ಅಂದೆ. ಆರು ದಿನ ಬಿಟ್ಟು ಮತ್ತೆ ಹೋದಾಗ ಗೊರಗೊರ ಬಹಳ ಮಟ್ಟಿಗೆ ಇಳಿದಿತ್ತು, ಚಾವಣಿ ಒಣಗಿತ್ತು. ಆದರೆ ಅಷ್ಟರಲ್ಲಿ ಎಂಬತ್ತು ಚಿಲ್ಲರೆ ಮರಿ ಹೋಗಿದ್ದವು. ಉಳಿದವು ತೂಕದಲ್ಲಿ ಹಿಂದೆ ಬಿದ್ದದ್ದು ಆ ಬ್ಯಾಚ್ ಮುಗಿಯುವವರೆಗೂ ಸರಿಹೋಗಲಿಲ್ಲ. ಸಂದಿಯ ಗೋಣಿಚೀಲ ಎಲ್ಲ ಮಾಯವಾಗಿತ್ತು, ಒಂದು ಮೂಲೆಯಲ್ಲಿ ಬಿಟ್ಟು. ಅಲ್ಲಿ ಮಾತ್ರ ಎರಡು ಚೀಲ ಒತ್ತಾಗಿ ತುರುಕಿತ್ತು. ಕೆಳಗೆ ನೋಡಿದರೆ ಅವರ ಮಂಚ.